ಮೀನಿನಮ್ಮ ರುಚಿ ನೋಡಿದ ನೀರು

ಮೊಮ್ಮಗಳು ಪ್ಲಾಸ್ಟಿಕ್ ಕವರಿನ ಬಾಯಿ ಬಿಚ್ಚಿದ ಕೂಡಲೇ ಆ ವಾಸನೆ ಬಂತು. ಕೊಳೆತ ವಾಸನೆಯಲ್ಲ. ಪಾಚಿ, ಒದ್ದೆ ಮರಳು, ಹೊಳೆಯಂಚಿನ ಕೆಸರು ಮೂರೂ ಬೆರೆತ ಹಸಿ ವಾಸನೆ. ಕವರಿನೊಳಗೆ ಬೆರಳುದ್ದದ ಎರಡು ನೀಲಿ ಜೀವಗಳು ಇಕ್ಕಳದಂಥ ಮುಂಗೈ ಎತ್ತಿಕೊಂಡು, ಯಾರು ಬಂದರೂ ಸರಿ ಎನ್ನುವಂತೆ ನಿಂತಿದ್ದವು. ಅಂಗಡಿಯವನು ಕ್ರೇಫಿಶ್ ಎಂದನಂತೆ. ನನ್ನ ಕಣ್ಣಿಗೆ ಅದು ನಮ್ಮ ಸಿಗಡಿಯ ಸೋದರಮಾವನ ಹಾಗೆ ಕಂಡಿತು.

ಹೊಸ ಗಾಜಿನ ತೊಟ್ಟಿ ನಡುಮನೆಯಲ್ಲಿ ತಯಾರಾಗಿತ್ತು. ಹುಡುಗಿ ಕವರನ್ನು ಅದರೊಳಕ್ಕೆ ಬಗ್ಗಿಸಲು ಹೊರಟಳು. ನಾನು ಕೈ ಹಿಡಿದೆ.

"ಸುರೀಬೇಡ. ಕವರನ್ನ ಹಾಗೇ ನೀರಿನ ಮೇಲೆ ತೇಲಿಬಿಡು. ಆಮೇಲೆ ತೊಟ್ಟಿ ನೀರನ್ನ ಒಂದೊಂದೇ ಲೋಟ ಕವರಿಗೆ ಹಾಕು. ಅವಕ್ಕೆ ಒಗ್ಗಬೇಕು."

"ಅಂಗಡಿಯವನೂ ಇದನ್ನೇ ಹೇಳಿದ್ದ, ನಾನೇ ಮರೆತೆ. ನಿಮಗೆ ಹೇಗೆ ಗೊತ್ತು ಅಜ್ಜಿ?"

ನನಗೆ ಅದನ್ನು ಕಲಿಸಿದಾಕೆಗೆ ಓದು ಬರಹ ಇರಲಿಲ್ಲ. ಕೊಳ್ಳೇಗಾಲ ಇನ್ನೂ ಮದ್ರಾಸಿಗೆ ಸೇರಿದ್ದ ಕಾಲ ಅದು. ತಾಲ್ಲೂಕು ಕಚೇರಿಯ ದೊಡ್ಡ ಕಾಗದಗಳೆಲ್ಲ ಕೊಯಮತ್ತೂರಿನಿಂದ ಬರುತ್ತಿದ್ದವು. ನಾನು ಕಾನ್ವೆಂಟಿನಲ್ಲಿ ಓದುತ್ತಿದ್ದೆ. ಹನ್ನೊಂದು ವರ್ಷ ಇರಬೇಕು... ಹನ್ನೆರಡು ಅಂತೂ ಆಗಿರಲಿಲ್ಲ.

ನಾವು ಆಕೆಯನ್ನು ಮೀನಿನಮ್ಮ ಎನ್ನುತ್ತಿದ್ದೆವು. ಕಾವೇರಿ ದಂಡೆಯ ಹಳ್ಳಿಯಿಂದ ತಲೆಯ ಮೇಲೆ ಬುಟ್ಟಿ ಹೊತ್ತು ನಡೆದೇ ಬರುತ್ತಿದ್ದಳು. ನಮ್ಮದು ಲಿಂಗ ಕಟ್ಟಿದ ಮನೆ, ಬೀದಿಯೂ ಹಾಗೆಯೇ. ನಮ್ಮಲ್ಲಿ ಆಕೆಗೆ ವ್ಯಾಪಾರವಿರಲಿಲ್ಲ. ಆದರೆ ಕಾನ್ವೆಂಟಿಗೆ ಹೋಗುವ ದಾರಿ ನಮ್ಮ ಬೀದಿಯೇ. ಶುಕ್ರವಾರ ಸಿಸ್ಟರುಗಳು ಮಾಂಸ ಮುಟ್ಟುತ್ತಿರಲಿಲ್ಲ, ಮೀನು ತಿನ್ನುತ್ತಿದ್ದರು. ಆ ಶುಕ್ರವಾರದ ಬುಟ್ಟಿಯೇ ಮೀನಿನಮ್ಮನ ವಾರದ ಆಧಾರ. ಕಾನ್ವೆಂಟಿನ ಅಡುಗೆಮನೆಯಲ್ಲಿ ಅರ್ಧ ಬುಟ್ಟಿ ಖಾಲಿಯಾದರೆ ಉಳಿದದ್ದನ್ನು ಪೊಲೀಸ್ ಲೈನಿನಲ್ಲಿ ಕೂಗಿ ಮುಗಿಸುತ್ತಿದ್ದಳು.

ಹೋಗುವಾಗ ನಮ್ಮ ಮನೆ ಮುಂದಿನ ಬೇವಿನ ಮರದಡಿ ಬುಟ್ಟಿ ಇಳಿಸುತ್ತಿದ್ದಳು. ಮರದ ಬುಡದಲ್ಲಿ ಒಂದು ದೊಡ್ಡ ಮಣ್ಣಿನ ಮಡಕೆ ಇತ್ತು. ದಾರಿಹೋಕರಿಗೆಂದು ನಮ್ಮಜ್ಜಿ ದಿನಾ ಅದಕ್ಕೆ ಬಾವಿ ನೀರು ತುಂಬಿಸುತ್ತಿದ್ದರು. ಮೀನಿನಮ್ಮ ಬೊಗಸೆ ಒಡ್ಡಿದರೆ ಅಜ್ಜಿ ಉದ್ದ ಹಿಡಿಯ ಕರಟದ ಚಿಪ್ಪಿನಿಂದ, ಮೇಲಿನಿಂದ, ಒಂದು ಹನಿಯೂ ಹೊರಗೆ ಸಿಡಿಯದಂತೆ ನೀರು ಹೊಯ್ಯುತ್ತಿದ್ದರು. ಅಷ್ಟು ಚೆನ್ನಾಗಿ ಹೊಯ್ಯುವುದು ಬೇರೆ ಯಾರಿಗೂ ಬರುತ್ತಿರಲಿಲ್ಲ.

"ಬುಟ್ಟೀನ ಇನ್ನೂ ಆ ಕಡೆ ಮಡುಗಮ್ಮಿ, ನಾತ ಒಳಗಂಟ ಬತ್ತದೆ."

"ನಿಮ್ ಬೀದೀಲಿ ರೇಸ್ಮೆಗೂಡು ಬೇಯಿಸ್ತರಲ್ಲ ಅಮ್ಮಾರೇ, ಅದರ ಮುಂದೆ ನನ್ ಬುಟ್ಟಿ ಮಲ್ಲಿಗೆ ಅಲ್ವ?"

ಅಜ್ಜಿ ಸೆರಗು ಬಾಯಿಗೆ ಒತ್ತಿ ನಗುತ್ತಿದ್ದರು. ನಮ್ಮ ಅಪ್ಪನೇ ಹನೂರು, ರಾಮಾಪುರದ ಕಡೆಯಿಂದ ಗೂಡು ತಂದು ನೂಲು ತೆಗೆಸುತ್ತಿದ್ದರಲ್ಲ.

ಆ ವರ್ಷ ನೇಚರ್ ಸ್ಟಡಿ ಕಲಿಸುತ್ತಿದ್ದ ಸಿಸ್ಟರ್, ಪ್ರತಿಯೊಬ್ಬ ಹುಡುಗಿಯೂ ಮನೆಯಲ್ಲಿ ಒಂದು ಜೀವವನ್ನು ಸಾಕಿ, ಕಂಡದ್ದನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕೆಂದರು. ತರಗತಿಯ ಮುಕ್ಕಾಲು ಪಾಲು ರೇಷ್ಮೆಹುಳು ಎಂದಿತು. ನಾನು ಎದ್ದು ನಿಂತು ಸಿಗಡಿ ಎಂದೆ. ಒಮ್ಮೆ ಮೀನಿನಮ್ಮನ ಬುಟ್ಟಿಯಿಂದ ಒಂದು ಸಿಗಡಿ ಹಾರಿ ಬೇವಿನ ಎಲೆಗಳ ಮೇಲೆ ಬಿದ್ದಿತ್ತು. ಉದ್ದನೆಯ ತೋಳು, ದಾರದಂಥ ಮೀಸೆ, ಮೈಯೊಳಗಿಂದ ಬಿಸಿಲು ಹಾದುಹೋಗುತ್ತಿತ್ತು. ಅಂಥದ್ದನ್ನು ಬಿಟ್ಟು ಹುಳುವನ್ನು ಯಾರು ಸಾಕುತ್ತಾರೆ!

ಅಪ್ಪ ಪಟಕ್ಕೆ ಕಟ್ಟು ಹಾಕುವ ಅಂಗಡಿಯಲ್ಲಿ ಹೇಳಿ ನಾಲ್ಕು ಬದಿಗೂ ಗಾಜಿನ, ತಗಡಿನ ತಳದ ಒಂದು ತೊಟ್ಟಿ ಮಾಡಿಸಿದರು. ಮೂಲೆಗಳಿಗೆ ಕಿಟಕಿ ಗಾಜು ಅಂಟಿಸುವ ಪುಟ್ಟಿ ಮೆತ್ತಿದ್ದರು. ಎರಡು ದಿನ ಸೋರಿತು, ಮೂರನೆಯ ದಿನ ನಿಂತಿತು. ಅಜ್ಜಿಗೆ ಮಾತ್ರ ಒಪ್ಪಿಗೆಯಿರಲಿಲ್ಲ.

"ತಿನ್ನೋರು ತಿನ್ಕಳ್ಳಲಿ, ನಮ್ಮನೆ ಒಳಗೆ ಜೀವ ಸಾಯಬಾರದು. ಒಂದು ಸತ್ರೂ ಆ ತೊಟ್ಟಿ ಬೀದಿಗೆ," ಎಂದರು.

ಆದರೆ ಜೀವ ಮನೆಗೆ ಬರುತ್ತದೆ ಎಂದು ಖಚಿತವಾದ ಮೇಲೆ ಅದರ ಉಪಚಾರಕ್ಕೆ ಮೊದಲು ನಿಂತವರೂ ಅಜ್ಜಿಯೇ. ಒಳಗಿನ ದೊಡ್ಡ ಹಂಡೆಯನ್ನು ಹುಣಿಸೆಹಣ್ಣು ಹಾಕಿ ಫಳಫಳ ಉಜ್ಜಿ, ಮಡಿಯಲ್ಲಿ ನೀರು ಸೇದಿ ತುಂಬಿಸಿ, ಒಂದು ದಿನ ನಿಲ್ಲಿಸಿ, ಸೋಸಿ, ತೊಟ್ಟಿಗೆ ಹಾಕಿಸಿದರು. ದೇವರ ಪೂಜೆಗೆ, ನಮಗೆ ಕುಡಿಯಲಿಕ್ಕೆ ಆ ಹಂಡೆಯ ನೀರೇ. ಅದಕ್ಕಿಂತ ಒಳ್ಳೆಯ ನೀರು ನಮ್ಮ ಮನೆಯಲ್ಲಿ ಇರಲಿಲ್ಲ.

ಶುಕ್ರವಾರ ಮೀನಿನಮ್ಮ ಸಣ್ಣ ಮಡಕೆಯಲ್ಲಿ ಆರು ಸಿಗಡಿ ತಂದಳು. ಮೇಲೆ ನೀರುಬಳ್ಳಿ, ಒದ್ದೆ ಬಟ್ಟೆ. ಮರದಡಿಯಲ್ಲೇ ಕೂತು ನನಗೆ ಎಲ್ಲವನ್ನೂ ಹೇಳಿಕೊಟ್ಟಳು.

"ಬಿರ್ರನೆ ಉಯ್ಯಬ್ಯಾಡ ಕೂಸೇ. ನಿನ್ ನೀರ ಚೂರ್ ಚೂರೇ ಈ ಮಡಕೆಗೆ ಹಾಕು. ಒಸ ಮನೆಗೆ ಬಂದ ಸೊಸೆ ಅಂದ್ಕ. ಅಡಗಕ್ಕೆ ಒಂದ್ ಒಡೆದ ಎಂಚು ಮಡುಗು. ಮೇಲೆ ಜರಡಿ ಮುಚ್ಚು, ಇಲ್ದಿದ್ರೆ ಎದ್ದು ನಡ್ಕಂಡು ಒಂಟೋಯ್ತವೆ. ಇವತ್ತು ತಿನ್ನಕ್ಕೆ ಏನೂ ಕೊಡಬ್ಯಾಡ."

ಅವಳು ಹೇಳಿದ ಒಂದು ಮಾತನ್ನೂ ನಾನು ತಪ್ಪಿಸಲಿಲ್ಲ. ಆದರೂ ಮರುದಿನ ಸಂಜೆ ಮೂರು ಸಿಗಡಿ ಮಗ್ಗುಲಾಗಿ ಬಿದ್ದವು. ಭಾನುವಾರ ಪ್ರಾರ್ಥನೆಯ ಗಂಟೆ ಹೊಡೆಯುವ ಹೊತ್ತಿಗೆ ಆರೂ ಬಿಳಿಚಿಕೊಂಡು ತಳದಲ್ಲಿದ್ದವು.

ಅತ್ತು ಅತ್ತು ಅಪ್ಪನಿಂದ ಇನ್ನೊಂದು ಅವಕಾಶ ಗಿಟ್ಟಿಸಿದೆ. ಮುಂದಿನ ಶುಕ್ರವಾರ ಆಕೆ ಇನ್ನೂ ನಾಲ್ಕು ತಂದುಕೊಟ್ಟಳು. ಅಜ್ಜಿ ಈ ಸಲ ಹಂಡೆಯನ್ನು ಇನ್ನಷ್ಟು ಉಜ್ಜಿದರು. ನಾಲ್ಕೂ ಒಂದೇ ದಿನಕ್ಕೆ ಹೋದವು.

ಅಜ್ಜಿ ಬಾಗಿಲಲ್ಲಿ ನಿಂತು ಇಡೀ ಬೀದಿಗೆ ಕೇಳುವಂತೆ ಹೇಳಿದರು: "ಸಾಯೋ ಮಾಲ ತಂದು ಮಗೀನ ಕೈಲಿ ಕೊಟ್ಟವಳೆ. ಹತ್ತು ಜೀವದ ಪಾಪ ನಮ್ಮನೆ ಮೇಲೆ. ಇನ್ನು ಈ ಮರದಡಿ ಬುಟ್ಟಿ ಇಳಿಸಬ್ಯಾಡ ಅಂತ ಹೇಳಿ ಅವಳಿಗೆ."

ಅಜ್ಜಿ ಹೇಳಿದ್ದು ಬೀದಿಯ ಮಾತು, ಒಂದು ವಾರದಲ್ಲಿ ಆರಿಹೋಗುತ್ತಿತ್ತು. ನಾನು ಮಾಡಿದ್ದು ಅದಕ್ಕಿಂತ ಕೆಟ್ಟದ್ದು. ಮಾರಿದವಳು ದುರ್ಬಲವಾದ, ಸಾಯಲಿದ್ದ ಪ್ರಾಣಿಗಳನ್ನು ಕೊಟ್ಟಳು ಎಂದು ಚೆಂದದ ಇಂಗ್ಲಿಷಿನಲ್ಲಿ, ಅಕ್ಷರಗಳನ್ನು ಕೂಡಿಸಿದ ದುಂಡು ಬರಹದಲ್ಲಿ ನೋಟ್‌ಬುಕ್ಕಿನಲ್ಲಿ ಬರೆದೆ. ತರಗತಿಯಲ್ಲಿ ಓದಿಯೂ ಓದಿದೆ. ಸಿಸ್ಟರ್ ಹುಬ್ಬು ಗಂಟಿಕ್ಕಿದರು. ನಾವು ತಿನ್ನುವ ಮೀನೂ ಆಕೆಯದೇ ಅಲ್ಲವೆ ಎಂದರು. ಅಷ್ಟೇ. ಮುಂದಿನ ಶುಕ್ರವಾರ ಕಾನ್ವೆಂಟಿನ ಅಡುಗೆಯವರು ಮೀನಿನಮ್ಮನನ್ನು ಗೇಟಿನಿಂದಲೇ ವಾಪಸ್ ಕಳಿಸಿದರು.

ಶಾಲೆ ಬಿಟ್ಟು ಬರುವಾಗ ನೋಡಿದೆ. ತುಂಬಿದ ಬುಟ್ಟಿ ಹೊತ್ತು, ನಮ್ಮ ಮರವನ್ನು ದಾಟಿ, ನಿಲ್ಲದೆ ಹೋಗುತ್ತಿದ್ದಳು. ಬಿಸಿಲಿಗೆ ಬುಟ್ಟಿಯಿಂದ ನೀರು ಅವಳ ಭುಜದ ಮೇಲೆ ತೊಟ್ಟಿಕ್ಕುತ್ತಿತ್ತು. ನಾನು ಗೋಡೆಯ ಮರೆಗೆ ಸರಿದೆ... ಆಗಲೂ ನನಗೆ ನನ್ನ ತಪ್ಪು ಗೊತ್ತಿರಲಿಲ್ಲ. ಆದರೂ ಯಾಕೋ ಸರಿದೆ.

ಅದರ ಮುಂದಿನ ಶುಕ್ರವಾರ ಬುಟ್ಟಿ ಇಲ್ಲದೆ ಬಂದಳು. ಕಂಕುಳಲ್ಲಿ ಸಣ್ಣ ಮಡಕೆ. ಮರದಡಿ ಬರಲಿಲ್ಲ, ಬೀದಿಯ ನಡುವೆ ನಿಂತೇ ಕೂಗಿದಳು.

"ಅಮ್ಮಾರೇ, ಒಳೆಯಿಂದ ಇಲ್ಲೀಗಂಟ ನನ್ ಮಡಕೇಲಿ ಇವು ಸಾಯ್ನಿಲ್ಲ. ನಿಮ್ ಮನೆ ಒಳಗೆ ಸಾಯ್ತವೆ. ನಾನು ಒಳಗೆ ಬಂದು ನೋಡೋ ಅಂಗಿಲ್ಲ. ಕೂಸೇ, ನೀನೇ ಆ ತೊಟ್ಟಿ ನೀರ ಒಂದ್ ಚೂರು ತಕಂಡ್ ಬಾ."

"ಏನ್ ಮಾಡ್ತೀಯೆ ನೀರ ತಕಂಡು? ಮಾಟ ಮಾಡ್ತೀಯಾ?" ಎಂದರು ಅಜ್ಜಿ.

"ಕುಡೀತಿನಿ."

ತೊಟ್ಟಿಯನ್ನು ಇನ್ನೂ ಬೀದಿಗೆ ಹಾಕಿರಲಿಲ್ಲ, ನೀರೂ ಹಾಗೇ ಇತ್ತು. ನಾನು ಓಡಿಹೋಗಿ ಲೋಟದಲ್ಲಿ ತಂದೆ. ಅಜ್ಜಿ ಬೇಡವೆನ್ನುವಷ್ಟರಲ್ಲಿ ಅವಳ ಬೊಗಸೆಗೆ ಹೊಯ್ದೂ ಆಗಿತ್ತು. ನನಗೆ ಮೇಲಿನಿಂದ ಹೊಯ್ಯಲು ಬರುತ್ತಿರಲಿಲ್ಲ, ಲೋಟದ ಅಂಚು ಅವಳ ಬೆರಳಿಗೆ ತಗುಲಿತು. ಒಂದು ಗುಟುಕು ಬಾಯಲ್ಲಿ ಹಿಡಿದು, ಕೆನ್ನೆ ಆಡಿಸಿ, ಪಕ್ಕಕ್ಕೆ ಉಗಿದಳು. ಆಮೇಲೆ ನನ್ನ ಮುಖವನ್ನೇ ನೋಡಿದಳು.

"ಇದ್ಯಾವ ನೀರು ಕೂಸೇ? ಒಗರು ಒಡೀತದೆ."

"ಹಂಡೇದು. ನಾವು ಕುಡಿಯೋದು."

"ತಾಮ್ರದ್ದಾ?"

ನಾನು ಹೂಂ ಎಂದೆ. ಅವಳು ಹಣೆ ಚಚ್ಚಿಕೊಂಡಳು. ಆದರೆ ನಗುತ್ತಿದ್ದಳು.

"ಅಯ್ಯೋ ನನ್ ಕಂದ! ತಾಮ್ರದ್ ನೀರು ಒಳೆ ಜೀವಕ್ಕೆ ಇಸ ಕಣವ್ವ. ನಮ್ಮತ್ತೆ ಕಾಲದಲ್ಲಿ ಯಾರೋ ದೊಡ್ಡೋರು ಮದುವೆ ಊಟಕ್ಕೆ ಅಂತ ಜೀವದ ಮೀನ ತಾಮ್ರದ ಕೊಳದಪ್ಪಲೇಲಿ ಬುಟ್ಟಿದ್ರಂತೆ. ಬೆಳಗಾಗೋದ್ರಲ್ಲಿ ಎಲ್ಲಾ ಮೇಲೆ ತೇಲ್ತಾ ಇದ್ದೋ. ಅದ್ಕೇ ನಾವು ಮಡಕೆ ಬುಟ್ಟು ಬ್ಯಾರೆ ಮುಟ್ಟಕಿಲ್ಲ."

"ತಾಮ್ರದ ನೀರು ಅಮೃತ ಅಂತಾರೆ ಕಣೇ!" ಅಜ್ಜಿಗೆ ರೇಗಿತು.

"ನಿಮಗೆ ಅಮೃತ ಅಮ್ಮಾರೇ, ಯಾರು ಇಲ್ಲ ಅಂದ್ರು? ಎಷ್ಟು ವರ್ಸದಿಂದ ನಿಮ್ ಮನೆ ನೀರ ಕುಡ್ದಿವ್ನಿ, ಈ ರುಚಿ ನಂಗೆ ಗೊತ್ತಿದ್ರೆ ತಾನೆ? ಗೊತ್ತಿದ್ರೆ ಮೊದಲ ದಿನವೇ ನಾನೇ ಏಳ್ತಿದ್ದಿ."

ಅಜ್ಜಿ ಒಳಗೆ ಹೋಗಲಿಲ್ಲ. ಅಲ್ಲೇ ನಿಂತು, "ಹಂಗಾರೆ ಯಾವ ನೀರು ಹಾಕಬೇಕು?" ಎಂದು ಕೇಳಿದರು.

ಮೀನಿನಮ್ಮ ಗಲ್ಲ ಎತ್ತಿ ಬೇವಿನ ಮರದ ಬುಡ ತೋರಿಸಿದಳು. "ನಂಗೆ ಉಯ್ತಿರಲ್ಲ, ಅದೇ."

ತೊಟ್ಟಿಯ ಮರಳನ್ನೆಲ್ಲ ಚೆಲ್ಲಿ, ಗಾಜನ್ನು ತಿಕ್ಕಿ ತಿಕ್ಕಿ ತೊಳೆದೆವು. ಮಡಕೆಯ ನೀರು ತುಂಬಿಸಿದೆವು. ಅಂದು ಬಿಟ್ಟ ನಾಲ್ಕು ಸಿಗಡಿಗಳಲ್ಲಿ ಒಂದೂ ಸಾಯಲಿಲ್ಲ. ಎರಡನೆಯ ವಾರ ಹೆಂಚಿನ ಪಕ್ಕದಲ್ಲಿ ಒಂದು ಅಲುಗಾಡದೆ ಬಿದ್ದಿದ್ದನ್ನು ಕಂಡು ನಾನು ಚೀರಿಕೊಂಡು ಬೀದಿಗೆ ಓಡಿದ್ದೆ. ಮೀನಿನಮ್ಮ ಅದನ್ನು ಅಂಗೈಯಲ್ಲಿ ಇಟ್ಟುಕೊಂಡು ಊದಿದಳು. ಹಾರಿಹೋಯಿತು! ಬರಿಯ ಪೊರೆ. "ಲಂಗ ಗಿಡ್ಡ ಆಯ್ತು, ಬಿಚ್ಚಾಕದೆ. ನೀನು ಬಿಚ್ಚಾಕಲ್ವ?" ಎಂದಳು. ಒಳಗೆ ಹೋಗಿ ಹೆಂಚು ಎತ್ತಿ ನೋಡಿದರೆ, ಅದರಡಿಯಲ್ಲಿ ನಾಲ್ಕೂ ಇದ್ದವು. ಒಂದರ ಮೈ ಮಾತ್ರ ಹೊಸ ನೂಲಿನಷ್ಟು ಮೆತ್ತಗಿತ್ತು.

ನೋಟ್‌ಬುಕ್ಕಿನ ಆ ಸಾಲನ್ನು ಹೊಡೆದುಹಾಕಿ ಸಿಸ್ಟರಿಗೆ ತೋರಿಸಿದೆ. ತಪ್ಪು ನೀರಿನದು, ಆಕೆಯದಲ್ಲ ಎಂದೆ. ಸಿಸ್ಟರ್ ಪುಸ್ತಕ ಮುಚ್ಚಿ, ಹಿತ್ತಿಲ ಕಡೆ ಕೈ ತೋರಿಸಿದರು. "ಅಡುಗೆಮನೆಯವರು ನಿನ್ನ ಪುಸ್ತಕ ಓದುವುದಿಲ್ಲ. ಹೋಗಿ ಬಾಯಲ್ಲಿ ಹೇಳು."

ಹೋದೆ. ಹೊಗೆ ಹಿಡಿದ ಆ ಅಡುಗೆಮನೆಯ ನಡುವೆ ನಿಂತು, ಲಂಗ ಹಿಡಿದುಕೊಂಡು, ಗಟ್ಟಿಯಾಗಿಯೇ ಹೇಳಿದೆ. ಅಡುಗೆಯವರು ಅಷ್ಟರಲ್ಲಿ ಬೇರೊಬ್ಬಳನ್ನು ಗೊತ್ತುಮಾಡಿಕೊಂಡಿದ್ದರು. ಕೊನೆಗೆ ಒಂದು ಶುಕ್ರವಾರ ಅವಳು, ಒಂದು ಶುಕ್ರವಾರ ಮೀನಿನಮ್ಮ ಎಂದಾಯಿತು. ನಾನು ಅವಳಿಂದ ಕಳೆದದ್ದರಲ್ಲಿ ಅರ್ಧವನ್ನಷ್ಟೇ ತಿರುಗಿ ಕೊಡಿಸಲು ನನ್ನಿಂದಾಯಿತು. ಮೀನಿನಮ್ಮ ಅದಕ್ಕೂ ನನ್ನನ್ನು ಬೈಯಲಿಲ್ಲ. "ಅಷ್ಟಾದ್ರೂ ಬಾಯ್ ಬುಟ್ಯಲ್ಲ," ಎಂದಳು.

ಮತ್ತೆ ಮರದಡಿ ಬುಟ್ಟಿ ಇಳಿಯಿತು. ಅಜ್ಜಿಯೇ, "ಇಳಿಸು, ಕುತ್ಕ," ಎಂದರು. ಅವರಿಂದ ಅದು ದೊಡ್ಡ ಮಾತು. ಬೊಗಸೆಗೆ ಮಡಕೆಯ ನೀರು ಮೊದಲಿನ ಹಾಗೇ, ಮೊದಲಿನಷ್ಟೇ ಎತ್ತರದಿಂದ ಬೀಳತೊಡಗಿತು. ಒಂದು ದಿನ ಕುಡಿದು ಬಾಯಿ ಒರೆಸಿಕೊಳ್ಳುತ್ತ, "ನಂಗೂ ನಿಮ್ ಸಿಗಡಿಗೂ ಒಂದೇ ನೀರಾಯ್ತು ಅಮ್ಮಾರೇ," ಎಂದಳು. ಅಜ್ಜಿ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು.

ವರ್ಷದ ಕೊನೆಗೆ ಸಿಗಡಿಗಳನ್ನು ಅವಳ ಮಡಕೆಗೇ ವಾಪಸ್ ಕೊಟ್ಟೆ. ಹೊಳೆಗೆ ಬಿಟ್ಟೆ ಎಂದು ಆಣೆ ಇಟ್ಟು ಹೇಳಿದಳು. ನಾನು ನಂಬಿದೆ, ಈಗಲೂ ನಂಬುತ್ತೇನೆ. ಮುಂದೆ ಕೊಳ್ಳೇಗಾಲ ಮೈಸೂರಿಗೆ ಸೇರಿತು. ನಾನು ಯಳಂದೂರಿನ ಮನೆಗೆ ಸೊಸೆಯಾಗಿ ಬಂದೆ. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋದಾಗ ಎಷ್ಟೋ ಶುಕ್ರವಾರ ಕಾದೆ. "ಬರೋದು ಬಿಟ್ಟು ವರ್ಸದ ಮೇಲಾಯ್ತು," ಎಂದರು ಅಜ್ಜಿ. ಅವಳ ಹಳ್ಳಿಗೆ ಹೋಗಿ ಕೇಳಬೇಕು ಎಂದುಕೊಂಡೆ. ಮಗು, ಮನೆ, ಹಬ್ಬ, ಹುಣ್ಣಿಮೆ... ಹೋಗಲಿಲ್ಲ. ಈಗ ಕೇಳಲು ಆ ಕಾಲದವರು ಯಾರೂ ಉಳಿದಿಲ್ಲ.

ಇದನ್ನೆಲ್ಲ ಮೊಮ್ಮಗಳಿಗೆ ಹೇಳಿದೆ. ಸಿಗಡಿಯ ಲಂಗದ ಮಾತಿಗೆ ಬಹಳ ನಕ್ಕಳು. ಆಮೇಲೆ, ಮಕ್ಕಳು ಕೇಳುವ ಹಾಗೆ ಥಟ್ಟನೆ ಕೇಳಿದಳು.

"ಅಲ್ಲಜ್ಜಿ, ಮೀನಿನಮ್ಮ ಬೇಕಾದರೆ ಹಂಡೆ ನೀರು ಕುಡೀಬಹುದಿತ್ತಲ್ಲ. ಅವರು ಸಿಗಡಿ ಅಲ್ಲವಲ್ಲ. ಆಮೇಲಾದರೂ ಒಂದು ಲೋಟ ಕೊಟ್ರಾ?"

ಅಡುಗೆಮನೆಯ ನಡುವೆ ನಿಂತು ಅಷ್ಟು ಗಟ್ಟಿಯಾಗಿ ತಪ್ಪು ಒಪ್ಪಿಕೊಂಡ ಹುಡುಗಿಗೆ, ಆಮೇಲಿನ ಅಷ್ಟು ಶುಕ್ರವಾರಗಳಲ್ಲಿ ಅದೊಂದು ಹೊಳೆಯಲೇ ಇಲ್ಲ. ನಮ್ಮ ಮನೆಯ ಒಳಗಿನ ನೀರನ್ನು ಆಕೆ ಬಾಯಿಗೆ ಹಾಕಿದ್ದು ಒಂದೇ ಸಲ. ಅದೂ ಸಿಗಡಿ ಸತ್ತ ತೊಟ್ಟಿಯದು, ಅದೂ ತಾನಾಗಿ ಕೇಳಿ.

"ಇಲ್ಲ ಮಗಳೇ," ಎಂದೆ. "ಕೊಡಲಿಲ್ಲ."