ಹಿತ್ತಲ ಬಾಗಿಲಿಗೆ ಬಂದ ಮಹದೇವಮ್ಮ

ಊಟಕ್ಕೆ ಕೂತಾಗ ಉಪ್ಪಿನ ಡಬ್ಬಿ ಸರಿಸಿಕೊಟ್ಟರೂ ನನ್ನ ಮಗಳು ‘ಥ್ಯಾಂಕ್ಸ್ ಅಪ್ಪ’ ಅನ್ನುತ್ತಾಳೆ. ಕಾನ್ವೆಂಟಿನಲ್ಲಿ ಓದಿದ ಹುಡುಗಿ, ಅವಳ ಬಾಯಿಗೆ ಅದು ಸಲೀಸು. ನನಗೆ ಮಾತ್ರ ಪ್ರತಿ ಸಲವೂ ಕಸಿವಿಸಿ. ‘ಅಪ್ಪನಿಗೆ ಯಾರಾದ್ರೂ ಥ್ಯಾಂಕ್ಸ್ ಹೇಳ್ತಾರೇನೇ’ ಎಂದು ಗೊಣಗುತ್ತೇನೆ. ನಿಜ ಹೇಳಬೇಕೆಂದರೆ ಅಷ್ಟು ಸಣ್ಣ ಮಾತು ನನ್ನ ಬಾಯಿಂದ ಯಾವತ್ತೂ ಸರಿಯಾಗಿ ಹೊರಟಿಲ್ಲ.

ಕನ್ನಡ ಮೇಷ್ಟ್ರಿಗೆ ಒಂದು ಮಾತಿಗೆ ತತ್ವಾರವೇ ಎಂದು ನೀವು ನಗಬಹುದು. ಆದರೆ ಯೋಚಿಸಿ ನೋಡಿ. ನಮ್ಮ ಕಡೆ ಪಕ್ಕದ ಮನೆಯವರು ಒಂದು ಬಟ್ಟಲು ಸಾರು ತಂದುಕೊಟ್ಟರೆ ನಾವು ಏನನ್ನುತ್ತೇವೆ? ‘ಅಯ್ಯೋ, ಯಾಕ್ ತರಕ್ಕೋದ್ರಿ’ ಅನ್ನುತ್ತೇವೆ. ಬೈದ ಹಾಗೇ ಇರುತ್ತದೆ, ತಂದವರು ಖುಷಿಯಿಂದ ಹೋಗುತ್ತಾರೆ. ‘ಧನ್ಯವಾದಗಳು’ ಎಂಬುದು ಮೈಕಿನ ಮುಂದಿನ ಮಾತು. ಅದರಲ್ಲಿ ನಾನು ಪಳಗಿದವನು. ನಮ್ಮ ಹೈಸ್ಕೂಲಿನ ಯಾವ ಸಮಾರಂಭವಾದರೂ ವಂದನಾರ್ಪಣೆ ನನ್ನ ಪಾಲು. ವೇದಿಕೆಯ ಗಣ್ಯರಿಂದ ಹಿಡಿದು ಶಾಮಿಯಾನದವನವರೆಗೆ ಒಬ್ಬರನ್ನೂ ಬಿಡದೆ ಧನ್ಯವಾದ ಹೇಳಿ ಮುಗಿಸುವಷ್ಟರಲ್ಲಿ ಸಭಿಕರೆಲ್ಲ ತಿಂಡಿಯ ಕಡೆ ಹೋಗಿರುತ್ತಿದ್ದರು. ಇನ್ನು ಭಾನುವಾರ ಬಂತೆಂದರೆ ‘ಸ್ತೋತ್ರ’. ನಾವು ಕ್ರೈಸ್ತರು ಆ ಪದವನ್ನು ಉಸಿರಾಡಿದ ಹಾಗೆ ಬಳಸುತ್ತೇವೆ. ಮೈಸೂರು ಬಸ್ಸಿನಲ್ಲಿ ಸೀಟು ಸಿಕ್ಕರೆ ಸ್ತೋತ್ರ, ಹೋದ ಕರೆಂಟು ಬಂದರೆ ಸ್ತೋತ್ರ. ದೇವರಿಗೆ ಹೇಳುವುದು ಸುಲಭ, ಹೇಳಿ ಮುಗಿಸಿ ಎದ್ದು ಬರಬಹುದು. ಮನುಷ್ಯರಿಗೆ ಹೇಳಿದರೆ ಅವರು ತಿರುಗಿ ಏನಾದರೂ ಅನ್ನುತ್ತಾರೆ. ಅದರಲ್ಲೂ ಅವರು ನಮ್ಮೊಂದಿಗೆ ಮಾತು ಬಿಟ್ಟವರಾದರಂತೂ ದೇವರೇ ಗತಿ.

ಈಗ ನಾವು ನಂಜನಗೂಡಿನಲ್ಲಿದ್ದೇವೆ. ನಾನು ಹೇಳುತ್ತಿರುವುದು ತೊಂಬತ್ತರ ದಶಕದ ನಡುವಿನ ಮಾತು. ಆಗ ತಿ. ನರಸೀಪುರದಲ್ಲಿ ನನಗೆ ಕೆಲಸ, ಒಂದು ಹೆಂಚಿನ ಬಾಡಿಗೆ ಮನೆಯಲ್ಲಿ ವಾಸ. ಪಕ್ಕದಲ್ಲಿ ಬೆಲ್ಲದ ವ್ಯಾಪಾರಿಯೊಬ್ಬರ ಸ್ವಂತ ಮನೆ. ಅವರ ಹೆಂಡತಿಯೇ ಮಹದೇವಮ್ಮ. ಶಿವಭಕ್ತರು. ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಹಣೆಗೆ ವಿಭೂತಿ ಬಳಿದು, ಅಂಗೈಯಲ್ಲಿ ಲಿಂಗವಿಟ್ಟು ಪೂಜೆ ಮುಗಿಸುವವರೆಗೆ ಬಾಯಿಗೆ ಹನಿ ನೀರು ಹಾಕದವರು. ನಮ್ಮದೋ, ಭಾನುವಾರ ಚರ್ಚಿನಿಂದ ಬಂದ ಕೂಡಲೇ ಕೋಳಿ ಸಾರಿಗೆ ಮಸಾಲೆ ಅರೆಯುವ ಮನೆ. ಎರಡು ಹಿತ್ತಲುಗಳ ನಡುವೆ ಎದೆಮಟ್ಟದ ಗೋಡೆಯೊಂದಿತ್ತು. ಮನುಷ್ಯರಿಗೆ ಅದು ಸಾಕಾಗಿತ್ತು, ನಾನು ಸಾಕಿದ ಕೋಳಿಗಳಿಗೆ ಸಾಲದಾಗಿತ್ತು.

ಅವು ಗೋಡೆ ಹಾರಿ ಮಹದೇವಮ್ಮ ಒಣಗಲು ಹರವಿದ ರಾಗಿಯನ್ನು ಕೆದರುತ್ತಿದ್ದವು, ಸಾರಿಸಿ ರಂಗೋಲಿ ಹಾಕಿದ ಕಡೆಯೇ ಹೋಗಿ ಗಲೀಜು ಮಾಡುತ್ತಿದ್ದವು. ಒಂದು ದಿನ ಸಂಡಿಗೆ ಇಟ್ಟ ಪಂಚೆಯ ಮೇಲೆ ಮೆರವಣಿಗೆ ಹೋದವು. ಅವರು ಕೂಗಾಡಿದರು. ತಪ್ಪಾಯಿತು ಎಂದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಮೇಷ್ಟ್ರ ಗತ್ತು ಬಿಡಬೇಕಲ್ಲ? ‘ಗೋಡೆ ಯಾರದೂಂತ ಕೋಳಿಗೇನು ಗೊತ್ತು’ ಎಂದುಬಿಟ್ಟೆ. ಅಂದಿನಿಂದ ಮಾತು ನಿಂತಿತು. ಅಂದರೆ ನೇರ ಮಾತು ನಿಂತಿತು. ಹೇಳುವುದಿದ್ದರೆ ಅವರು ಕೋಳಿಗೇ ಹೇಳುತ್ತಿದ್ದರು: ‘ಲೇ ಕೋಳಿ, ಓಗಿ ನಿಮ್ ಮೇಷ್ಟ್ರುಗೇಳು, ಊರ್ ಮಕ್ಳುಗೆಲ್ಲ ಬುದ್ಧಿ ಏಳೋಕ್ ಮದ್ಲು ನಿನಗ್ ಒಸಿ ಕಲಿಸ್ಲಿ ಅಂತ.’ ನಾನೂ ಕೋಳಿಗೇ ಉತ್ತರ ಕೊಡುತ್ತಿದ್ದೆ, ವ್ಯಾಕರಣಶುದ್ಧವಾಗಿ. ನನ್ನ ಹೆಂಡತಿ ಶಾಂತ ಮಾತ್ರ, ನಾನು ಸ್ಕೂಲಿಗೆ ಹೋದ ಮೇಲೆ, ಅದೇ ಗೋಡೆಗೆ ಒರಗಿ ಮಹದೇವಮ್ಮನವರ ಜತೆ ಹರಟುತ್ತಿದ್ದಳಂತೆ. ಅದು ನನಗೆ ಆಮೇಲೆ ಗೊತ್ತಾಯಿತು.

ಮಹದೇವಮ್ಮನವರಿಗೆ ಗಂಡುಮಗುವಾಗಿ ಕೆಲವು ತಿಂಗಳಿಗೆ ನಮಗೆ ಹೆಣ್ಣುಮಗು ಹುಟ್ಟಿತು. ಶಾಂತಳಿಗೆ ತಾಯಿ ಇರಲಿಲ್ಲ, ಬಾಣಂತನಕ್ಕೆ ನನ್ನ ಅವ್ವನೇ ಬಂದಿದ್ದಳು. ಕೆಲವು ವಾರ ಎಲ್ಲ ಚೆನ್ನಾಗಿಯೇ ಇತ್ತು. ಆಮೇಲೆ ಶಾಂತಳಿಗೆ ಜ್ವರ ಬಂತು, ಇಳಿಯಲಿಲ್ಲ. ಮೈಸೂರಿನ ಆಸ್ಪತ್ರೆಗೆ ಸೇರಿಸಿದೆವು. ಟೈಫಾಯ್ಡ್ ಎಂದರು, ಮಗುವಿಗೆ ಹಾಲು ಕೊಡುವುದು ಬೇಡ, ಮನೆಯಲ್ಲೇ ಇಟ್ಟುಕೊಳ್ಳಿ ಎಂದರು. ಅವಳ ಹತ್ತಿರ ಅವಳ ಅಕ್ಕ ನಿಂತರು. ನಾನು ಮಗುವಿಗಾಗಿ ಊರಿಗೆ ಬಂದೆ.

ಮಗು ಬಾಟಲಿ ಹಿಡಿಯಲಿಲ್ಲ. ರಬ್ಬರು ತುಟಿಗೆ ತಾಗಿದರೆ ನಾಲಿಗೆಯಿಂದ ತಳ್ಳುತ್ತಿತ್ತು. ಅವ್ವ ಒಳಲೆಯಲ್ಲಿ ಹಸುವಿನ ಹಾಲು ಕುಡಿಸಿದರೆ ಕುಡಿದದ್ದನ್ನೆಲ್ಲ ಕಕ್ಕಿತು. ಡಾಕ್ಟರು ಹಾಲಿನ ಪುಡಿ ಬದಲಿಸಿ ಕೊಟ್ಟರು, ಅದೂ ಒಳಗೆ ನಿಲ್ಲಲಿಲ್ಲ. ಮೊದಮೊದಲು ಬೀದಿಗೆಲ್ಲ ಕೇಳುವಂತೆ ಅಳುತ್ತಿದ್ದುದು ಮರುದಿನ ಮಧ್ಯಾಹ್ನದ ಹೊತ್ತಿಗೆ ಬೆಕ್ಕಿನ ಮರಿಯ ಹಾಗೆ ಕೀರಲು ಧ್ವನಿಯಾಗಿತ್ತು. ಜೋರಾಗಿ ಅತ್ತಾಗ ಇಲ್ಲದ ಭಯ ನನಗೆ ಆಗ ಹುಟ್ಟಿತು. ಮುಂದಿನ ಕೋಣೆಯಲ್ಲಿ ಮೊಣಕಾಲೂರಿ ಗಟ್ಟಿಯಾಗಿ ಪ್ರಾರ್ಥಿಸತೊಡಗಿದೆ. ‘ಕರ್ತನೇ, ಈ ಮಗು ಬಾಟಲಿ ಹಿಡಿಯುವ ಹಾಗೆ ಮಾಡು’ ಎಂಬುದೇ ಪ್ರಾರ್ಥನೆ. ಏನು ಬೇಕೆಂದು ಮಾತ್ರವಲ್ಲ, ಹೇಗೆ ಕೊಡಬೇಕೆಂದೂ ದೇವರಿಗೆ ನಾನೇ ಸೂಚಿಸಿದ್ದೆ.

ಹಿತ್ತಲ ಬಾಗಿಲು ದಡಾರನೆ ತೆರೆದ ಸದ್ದಾಯಿತು.

‘ಎಲ್ಲವ್ವಾ ಮಗ? ತತ್ತಾ ಇಲ್ಲಿ.’

‘ಮಹದೇವಮ್ಮಾರಾ?’ ಅವ್ವನ ಗಲಿಬಿಲಿಯ ಧ್ವನಿ. ‘ನೀವು... ನಮ್ಮನೇಗೆ...’

‘ಬೆಳ್ಗಿಂದ ಕೇಳ್ತಾವ್ನಿ. ಅದು ಅತ್ರೆ ನನ್ ಎದೆ ಸೋರ್ತದೆ. ಆಗಕಿಲ್ಲ ನನ್ ಕೈಲಿ.’

‘ನಿಮ್ ಯಜಮಾನ್ರು ಏನಂತಾರೋ...’

‘ಅವ್ರನ್ನ ನಾ ನೋಡ್ಕತೀನಿ. ನೀ ಮಗೀನ ಕೊಡು ಅಂದ್ನಲ್ಲ!’

ಆಮೇಲೆ ಮಗುವಿನ ದನಿ ನಿಂತಿತು. ಎರಡು ದಿನದಿಂದ ಮನೆಯಲ್ಲಿ ಇಲ್ಲದಿದ್ದ ನೆಮ್ಮದಿ. ಅದರ ನಡುವೆ ಅವ್ವ ಸೆರಗಿನಿಂದ ಮೂಗು ಒರೆಸಿಕೊಳ್ಳುವುದು ಮಾತ್ರ ಕೇಳಿಸುತ್ತಿತ್ತು. ನಾನು ಮೊಣಕಾಲಿನ ಮೇಲೇ ಇದ್ದೆ. ಏಳಬೇಕೋ ಇರಬೇಕೋ ತಿಳಿಯಲಿಲ್ಲ. ಆ ಹೊತ್ತಿನಲ್ಲಿ ನನಗೆ ಬಂದ ಮೊದಲ ಯೋಚನೆ ಏನು ಗೊತ್ತೇ? ಅಡುಗೆಮನೆಯಲ್ಲಿ ಕೋಳಿ ಸಾರಿನ ಪಾತ್ರೆ ಮುಚ್ಚಿದೆಯೋ ಇಲ್ಲವೋ ಎಂದು. ಎರಡನೆಯದು, ಇನ್ನು ಈಕೆಯ ಮುಂದೆ ತಲೆಯೆತ್ತಿ ಜಗಳವಾಡುವುದು ಹೇಗೆ ಎಂದು. ಮಗು ಬದುಕಿತು ಎಂಬುದು ಆಮೇಲೆ ಹೊಳೆಯಿತು. ಯೋಚನೆಗಳು ಬಂದ ಈ ಸರದಿಯನ್ನು ನೆನೆದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ.

ಹೊರಡುವಾಗ ಅವ್ವ, ‘ಒಂದ್ ಲೋಟ ಕಾಫಿ ಕುಡ್ಕಂಡೋಗವ್ವ’ ಎಂದಳು. ‘ಬ್ಯಾಡ ದೊಡ್ಡಮ್ಮ, ನಿಮ್ಮನೇಲಿ ನಾವು ನೀರು ಮುಟ್ಟಾಕಿಲ್ಲ, ನಿಮಗ್ಗೊತ್ತಲ್ಲ’ ಎಂದು ಮಹದೇವಮ್ಮ ಸಹಜವಾಗಿ ಹೇಳಿ ಹೋದರು. ನಮ್ಮ ಮನೆಯ ನೀರು ಅವರೊಳಗೆ ಹೋಗುವಂತಿರಲಿಲ್ಲ, ಅವರೊಳಗಿನದು ನಮ್ಮ ಮಗುವಿನೊಳಗೆ ಬರಬಹುದಾಗಿತ್ತು. ಇದನ್ನು ಬೇರೆ ದಿನವಾಗಿದ್ದರೆ ನಾನು ದೊಡ್ಡ ಅವಮಾನವೆಂದು ಭಾವಿಸಿ ಸ್ಟಾಫ್ ರೂಮಿನಲ್ಲಿ ಭಾಷಣ ಮಾಡುತ್ತಿದ್ದೆ. ಎಲ್ಲವೂ ಅವರಿಂದ ಇತ್ತಲೇ ಬರಬೇಕು, ನಮ್ಮಿಂದ ಅತ್ತ ಒಂದು ಲೋಟ ಕಾಫಿಯೂ ಹೋಗುವಂತಿಲ್ಲ ಎಂಬುದು ಜೀರ್ಣಿಸಿಕೊಳ್ಳಲು ಕಷ್ಟವಾದ ಸಂಗತಿ.

ಮಹದೇವಮ್ಮ ದಿನಕ್ಕೆ ಹಲವು ಸಲ ಬಂದರು. ಅವರು ಹಿಂದಿನ ಬಾಗಿಲಲ್ಲಿ ಬಂದರೆ ನಾನು ಮುಂದಿನ ಬಾಗಿಲಲ್ಲಿ ಹೊರಗೆ. ಮರ್ಯಾದೆ ಎಂದು ಅವ್ವ ಅಂದುಕೊಂಡಿದ್ದಳು. ನನಗೆ ಗೊತ್ತಿತ್ತು, ಅದು ಹೇಡಿತನ. ಈ ನಡುವೆ ಕೋಳಿಗಳು ಗೋಡೆ ಹಾರುವುದನ್ನೇನೂ ಬಿಟ್ಟಿರಲಿಲ್ಲ. ನನ್ನ ಮಗುವನ್ನು ಎದೆಗೆ ಹಾಕಿಕೊಂಡೇ ಅವರು ನನ್ನ ಕೋಳಿಗಳನ್ನು ಬೈಯುತ್ತಿದ್ದುದು ಬೀದಿಯವರೆಗೂ ಕೇಳುತ್ತಿತ್ತು.

ಶಾಂತಳ ಜ್ವರ ಇಳಿಯಿತು. ಆ ಭಾನುವಾರ ಚರ್ಚಿನಲ್ಲಿ ಎದ್ದು ನಿಂತು, ತಾಯಿಯನ್ನೂ ಮಗುವನ್ನೂ ಕಾಪಾಡಿದ ದೇವರಿಗೆ ಸ್ತೋತ್ರ ಎಂದೆ. ಕಾಪಾಡಿದ್ದು ಹೇಗೆ ಎಂದು ಹೇಳಲಿಲ್ಲ. ಅದೆಲ್ಲ ಹೆಂಗಸರ ವಿಷಯ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಶಾಂತ ಕಡ್ಡಿಯಾಗಿ ಮನೆಗೆ ಬಂದಳು. ಅವಳ ಹಾಲು ಬತ್ತಿಹೋಗಿತ್ತು. ಮಗು ಆಗ ಒಳಲೆಯ ಹಾಲನ್ನು ಅಷ್ಟಿಷ್ಟು ಕುಡಿಯತೊಡಗಿದ್ದರೂ ಮಹದೇವಮ್ಮ ಬರುವುದನ್ನು ಬಿಡಲಿಲ್ಲ. ಒಂದು ಸಂಜೆ ಶಾಂತ ಕೇಳಿದಳು, ‘ನೀವು ಅವರಿಗೆ ಏನಂದ್ರಿ?’

‘ಏನನ್ನಬೇಕು?’

‘ಏನೂ ಅನ್ನಲಿಲ್ವಾ? ಇಷ್ಟು ದಿನ?’

ಮರುದಿನವೇ ಮೈಸೂರಿಗೆ ಹೋಗಿ ಒಂದು ಒಳ್ಳೆಯ ಸೀರೆ ತಂದೆ. ‘ಇದೆಲ್ಲ ಬೇಡಾರೀ, ಸುಮ್ನೆ ಎರಡು ಮಾತು ಆಡಿ ಬನ್ನಿ’ ಎಂದು ಶಾಂತ ಬೇಡಿಕೊಂಡಳು. ನಾನು ಕೇಳಲಿಲ್ಲ. ತಟ್ಟೆಯಲ್ಲಿ ಸೀರೆ, ಬಾಳೆಹಣ್ಣು, ಹೂವು ಇಟ್ಟುಕೊಂಡು ಮಹದೇವಮ್ಮನವರ ಮುಂಬಾಗಿಲಿಗೆ ಹೋದೆ. ಅವರು ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು.

‘ಮಹದೇವಮ್ಮನವರೇ, ತಾವು ಮಾಡಿದ ಮಹದುಪಕಾರಕ್ಕೆ...’ ಎಂದು ಶುರುಮಾಡಿದೆ. ಥೇಟು ವಂದನಾರ್ಪಣೆ.

ಅವರು ತಟ್ಟೆ ನೋಡಿದರು, ನನ್ನ ಮುಖ ನೋಡಿದರು. ‘ಇದೇನ್ ಮೇಷ್ಟ್ರೇ?’

‘ಏನೋ, ನಮ್ಮ ಕೈಲಾದದ್ದು.’

‘ನಾವು ಯಾಪಾರಸ್ತರು ದಿಟ. ಬೆಲ್ಲ ಮಾರ್ತೀವಿ. ಆಲು ಮಾರಾಕಿಲ್ಲ.’

ಅವರ ಕಣ್ಣಲ್ಲಿ ನೀರು ಬಂದುಬಿಟ್ಟಿತ್ತು. ‘ತಕ್ಕಂಡೋಗಿ. ಇದ್ನ ಉಟ್ಕಂಡ್ರೆ ನಾನು ಕೂಲಿ ದಾದಿ ಆಗ್ತೀನಿ. ಮಗೀಗೆ ಅಸ್ದಿತ್ತು, ಕೊಟ್ಟೆ. ನಿಮಗೇನ್ ಕೊಟ್ನಾ ನಾನು? ಕೋಳಿ ಜಗಳ ಬ್ಯಾರೆ. ಅದು ಇನ್ನೂ ಅಂಗೇ ಅದೆ, ತಿಳ್ಕಳಿ.’

ತಟ್ಟೆ ಹಿಡಿದು ಬೀದಿಯಲ್ಲಿ ವಾಪಸು ಬಂದೆ. ಪಕ್ಕದ ಮನೆಯಷ್ಟೇ ದೂರ. ಊರೆಲ್ಲ ನೋಡುತ್ತಿದೆ ಅನ್ನಿಸಿತು. ಶಾಂತ ತಟ್ಟೆ ತೆಗೆದುಕೊಂಡು ಒಳಗಿಟ್ಟಳು. ನಾನು ಕುರ್ಚಿಯಲ್ಲಿ ಕೂತು ಯೋಚಿಸಿದೆ. ನಾನು ಹೋದದ್ದು ಕೃತಜ್ಞತೆಯಿಂದ ಅಲ್ಲವೇ ಅಲ್ಲ. ಸೀರೆ ಕೊಟ್ಟು ಭಾರ ಇಳಿಸಿಕೊಂಡರೆ ಮತ್ತೆ ಸಮಸಮನಾಗಿ ಗೋಡೆಯ ಬಳಿ ನಿಲ್ಲಬಹುದಲ್ಲ ಎಂಬ ಆಸೆ. ಭಾನುವಾರದ ಶಾಲೆಯಲ್ಲಿ ಮಕ್ಕಳಿಗೆ ಕೃಪೆಯ ಪಾಠ ಹೇಳುತ್ತಿದ್ದವನು ನಾನು. ದೇವರು ಬಿಟ್ಟಿಯಾಗಿ ಕೊಡುತ್ತಾನೆ, ಎಷ್ಟು ಸಂತೋಷ, ಅಲ್ಲವೇ ಮಕ್ಕಳೇ ಎಂದು ಕೇಳಿದರೆ ಮಕ್ಕಳು ಹೌದು ಎಂದು ಕೂಗುತ್ತಿದ್ದವು. ಬಿಟ್ಟಿಯಾಗಿ ಸಿಕ್ಕಿದ್ದನ್ನು ಇಸಿದುಕೊಳ್ಳುವವನಿಗೆ ಎಷ್ಟು ನಾಚಿಕೆಯಾಗುತ್ತದೆಂದು ಆ ಪಾಠದಲ್ಲಿ ನಾನು ಒಮ್ಮೆಯೂ ಹೇಳಿರಲಿಲ್ಲ. ನನಗೇ ಗೊತ್ತಿರಲಿಲ್ಲ.

ಆ ವಾರ ಗೋಡೆಯ ಮೇಲೆ ತಂತಿಬಲೆ ಹಾಕಿಸಿದೆ. ಇದು ಉಪಕಾರಕ್ಕೆ ಪ್ರತಿಯಲ್ಲ, ಮೊದಲೇ ಮಾಡಬೇಕಿದ್ದ ಕೆಲಸ. ಮಹದೇವಮ್ಮ ಬಲೆಯನ್ನು ಅಲುಗಾಡಿಸಿ ನೋಡಿ, ‘ಊಂ, ಗಟ್ಟಿಯಾಗದೆ’ ಎಂದರು. ನಮ್ಮ ಜಗಳ ಮುಗಿದದ್ದು ಹೀಗೆ.

ಚರ್ಚಿನಲ್ಲಿ ಮಗುವಿನ ದೀಕ್ಷಾಸ್ನಾನಕ್ಕೆ ದಿನ ಗೊತ್ತಾಯಿತು. ಬೈಬಲಿನಿಂದ ಕೆಜಿಯ ಎಂದು ಹೆಸರು ಆರಿಸಿದ್ದೆವು. ‘ಕೇಜಿ ಅಂತ ಎಸ್ರಾ? ನಮ್ಮಂಗ್ಡಿ ತಕ್ಕಡಿಲಿ ಮಲುಗ್ಸನಾ?’ ಎಂದು ಮಹದೇವಮ್ಮ ಬಹಳ ನಕ್ಕರಂತೆ. ಶಾಂತ ಕರೆದದ್ದಕ್ಕೆ, ‘ಬತ್ತೀನಿ, ಒಳೀಕ್ ಬರಾಕಿಲ್ಲ, ಈಚೆ ನಿಂತ್ಕಂಡು ನೋಡ್ತೀನಿ’ ಎಂದರು. ಹೇಳಿದಂತೆ ರೇಷ್ಮೆ ಸೀರೆಯುಟ್ಟು, ಮಗನನ್ನು ಸೊಂಟದ ಮೇಲಿಟ್ಟುಕೊಂಡು ಬಂದು ಚರ್ಚಿನ ಬಾಗಿಲ ಬಳಿಯ ಬೇವಿನ ಮರದ ಕೆಳಗೆ ನಿಂತರು.

ನಮ್ಮ ಪಾದ್ರಿ ಅಯ್ಯನವರು ಮಗುವಿನ ತಲೆಗೆ ತಣ್ಣೀರು ಹಾಕಿದ್ದೇ ತಡ, ಕೆಜಿಯ ಹೆಂಚು ಹಾರುವಂತೆ ಕಿರುಚಿದಳು. ಹಾಡು ಶುರುವಾಯಿತು, ಅವಳ ಮುಂದೆ ಹಾಡು ಕೇಳಲಿಲ್ಲ. ಅವ್ವ ತಟ್ಟಿದಳು, ಶಾಂತ ಆಡಿಸಿದಳು. ಉಹೂಂ. ಹಾಡು ನಿಂತರೂ ಅಳು ನಿಲ್ಲಲಿಲ್ಲ. ಹೊರಗಿನಿಂದ ಗಟ್ಟಿ ಧ್ವನಿಯೊಂದು ಬಂತು: ‘ಅಯ್ಯೋ ಶಿವನೇ, ಕೊಡ್ಬಾರ್ದಾ ಇಲ್ಲಿ!’

ಸಭೆಯೆಲ್ಲ ತಿರುಗಿ ನೋಡಿತು. ಶಾಂತ ಮಗುವನ್ನು ನನ್ನ ಕೈಗೆ ಇಟ್ಟು, ‘ನೀವೇ ಕರ್ಕೊಂಡು ಹೋಗಿ’ ಎಂದಳು. ಅವ್ವನನ್ನು ಕಳಿಸಬಹುದಿತ್ತು. ಶಾಂತಳ ಮುಖ ನೋಡಿ ಆ ಮಾತು ಬಾಯಿಗೆ ಬರಲಿಲ್ಲ. ಕಿರುಚುವ ಮಗುವನ್ನು ಎತ್ತಿಕೊಂಡು ಬೆಂಚುಗಳ ನಡುವೆ ನಡೆದೆ. ಬಾಗಿಲ ಹತ್ತಿರ ನಿಂತೆ. ಹಿರಿಯರು, ಹೆಂಗಸರು, ನನ್ನ ಭಾನುವಾರದ ಶಾಲೆಯ ಮಕ್ಕಳು, ಎಲ್ಲರ ಕಣ್ಣೂ ನನ್ನ ಮೇಲಿತ್ತು.

‘ಶಾಂತ ಆಸ್ಪತ್ರೆಯಲ್ಲಿದ್ದಾಗಿಂದ ಇವಳಿಗೆ ಹಾಲು ಕೊಟ್ಟು ಉಳಿಸಿದ್ದು ಹೊರಗೆ ನಿಂತಿರೋ ತಾಯಿ’ ಎಂದೆ. ‘ಆವತ್ತು ಇಲ್ಲಿ ನಿಂತು ಸ್ತೋತ್ರ ಹೇಳುವಾಗ ಅದನ್ನ ನಾನು ನುಂಗಿಕೊಂಡುಬಿಟ್ಟೆ.’ ಇನ್ನೂ ಏನೋ ಹೇಳಬೇಕೆಂದಿತ್ತು. ಮಗುವಿನ ಕಿರುಚಾಟ ಬಿಡಲಿಲ್ಲ. ಹೊರಗೆ ಬಂದುಬಿಟ್ಟೆ.

ಮಹದೇವಮ್ಮ ತಮ್ಮ ಮಗನನ್ನು ನೆಲದ ಮೇಲೆ ಬಿಟ್ಟು, ಚರ್ಚಿನ ಮೆಟ್ಟಿಲ ಮೇಲೆ ಕೂತು ಕೈ ಚಾಚಿದರು. ‘ಒಳಗೇನ್ ಭಾಷ್ಣ ಮಾಡ್ತಿದ್ರಿ, ಮಗ ಇಷ್ಟು ಅಳ್ತಾ ಇರವಾಗ?’

‘ಏನಿಲ್ಲ’ ಎಂದೆ.

ಒಳಗೆ ಅಯ್ಯನವರ ಬೋಧನೆ ಶುರುವಾಗಿತ್ತು. ಕಿಟಕಿಯಿಂದ ಮಾತು ತುಂಡುತುಂಡಾಗಿ ಬರುತ್ತಿತ್ತು. ಮಹದೇವಮ್ಮ ಕಿವಿಗೊಟ್ಟು ಕೇಳಿ, ‘ಕೃಪೆ ಕೃಪೆ ಅಂತಾವ್ರಲ್ಲ ನಿಮ್ಮಯ್ನೋರು, ಅಂಗಂದ್ರೇನ್ ಮೇಷ್ಟ್ರೇ?’ ಎಂದರು.

‘ಅಂದ್ರೆ...’ ಎಂದೆ. ‘ನಮಗೆ ಯಾವ ಯೋಗ್ಯತೇನೂ ಇಲ್ಲದೆ ಇದ್ದಾಗ... ನಾವು ಕೇಳೋಕೆ ಮುಂಚೇನೇ...’

‘ಆಯ್ತು, ಆಮೇಕ್ ಏಳೀರಂತೆ’ ಎಂದರು ಮಹದೇವಮ್ಮ, ಸೆರಗು ಎಳೆದುಕೊಳ್ಳುತ್ತಾ. ‘ಈಗ ಒಸಿ ಅತ್ಲಾಗ್ ತಿರಿಕ್ಕಳಿ.’

ನಾನು ಅತ್ತ ತಿರುಗಿ ನಿಂತೆ. ಎದುರಿನ ರಸ್ತೆಯಲ್ಲಿ ಸೋಸಲೆ ಬಸ್ಸು ಜನ ಹತ್ತಿಸಿಕೊಳ್ಳುತ್ತಿತ್ತು. ತಿರುಗಿ ನಿಲ್ಲಿಸಿದ್ದು ಒಳ್ಳೆಯದೇ ಆಯಿತು. ಬಸ್ಸು ಹೊರಟು ದೂಳು ಅಡಗುವವರೆಗೂ ನಾನು ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ಅವರು ದೂಳಿಗೇ ಎಂದುಕೊಂಡಿರಬೇಕು.