ಬನ್ನಿ ಗಿಡದ ಬುಡದ ಮಣ್ಣು

ಕನ್ಯೆಯನ್ನು ಸಿಂಗಾರ ಮಾಡಿ ತೋರಿಸೋದು ಗೊತ್ತು. ಮಣ್ಣಿಗೆ ಸಿಂಗಾರ ಮಾಡಿದ್ದು ನೋಡಿದ್ದೀರಾ? ನಾನು ಈಚೆಗೆ ನೋಡಿದೆ.

ಮಾನ್ವಿ ಕಡೆಯ ಹಳ್ಳಿಯಿಂದ ನಮ್ಮಕ್ಕ ಶರಣಮ್ಮ ರಾಯಚೂರಿಗೆ ಬಂದಿಳಿದಳು. ಚೀಲದಲ್ಲಿ ಹೊಲದ ಮಣ್ಣು. ಪರೀಕ್ಷೆ ಮಾಡಿಸಬೇಕಂತೆ. ವರ್ಷಗಟ್ಟಲೆ ಕಾಲುವೆ ನೀರು ನಿಲ್ಲಿಸಿ ಭತ್ತ ಬೆಳೆದು ಅವಳ ಎರೆ ಹೊಲ ಸವಳಾಗಿದೆ. ಬೇಸಿಗೆಯಲ್ಲಿ ಮೇಲೆಲ್ಲ ಬೆಳ್ಳಗೆ ಉಪ್ಪು. ಅಕ್ಕನಿಗೆ ಮತ್ತೆ ಬಿಳಿಜೋಳ ಬಿತ್ತುವ ಆಸೆ. "ಈ ಹಿಂಗಾರಿಗೆ ಬಿತ್ತಿ ನೋಡು. ಬರದಿದ್ರ ಮತ್ತ ಜ್ವಾಳದ ಹೆಸರು ಎತ್ತಬ್ಯಾಡ" ಎಂದಿದ್ದರು ಭಾವ. ಇದ್ದದ್ದು ಒಂದೇ ಚಾನ್ಸ್.

ನಾನೇ ಲ್ಯಾಬಿಗೆ ಕರೆದೊಯ್ದೆ. ಅಲ್ಲಿನ ಮೇಡಂ ಚೀಲ ಬಿಚ್ಚಿ ಬೆರಗಾದರು. ಜರಡಿ ಹಿಡಿದ ಕಪ್ಪನೆ ಮಣ್ಣು. ಮೇಲೆ ಚಿಟಿಕೆ ಅರಿಶಿನ ಬೇರೆ!

"ಯವ್ವಾ, ಹೊಲದಾಗ ಎಲ್ಲಿಂದ ತಗದ್ರಿ?"

"ಬನ್ನಿ ಗಿಡದ ಬುಡದಾಗಿಂದ್ರಿ."

ನನಗೆ ನಗು ತಡೆಯಲಾಗಲಿಲ್ಲ. ಎಳ್ಳಮಾಸಿ ಹಬ್ಬಕ್ಕೆ ಪಾಂಡವರನ್ನಿಟ್ಟು ಪೂಜಿಸುವ ಜಾಗ ಅದು. (ಪಾಂಡವರು ಅಂದರೆ ಸುಣ್ಣ ಬಳಿದ ಐದು ಕಲ್ಲು.) ಅಲ್ಲಿ ನೇಗಿಲೂ ಹೊಕ್ಕಿಲ್ಲ, ಭತ್ತದ ನೀರೂ ನಿಂತಿಲ್ಲ.

"ಸವಳು ಬಿಟ್ಟು ಇದನ್ಯಾಕ ತಂದಿ?" ಎಂದೆ.

"ನಾಕು ಮಂದಿ ಮುಂದ ಹರಕ ಸೀರಿ ಉಟ್ಕೊಂಡು ಬರ್ತಾರೇನಲೇ? ಹೊಲಕ್ಕ ಮಾನ ಇಲ್ಲೇನು?"

ಮೇಡಂ ಮೆಲ್ಲಗೆ ಹೇಳಿದರು: "ಇದನ್ನ ನಂಬಿ ಬಿತ್ತಿದ್ರ ಬೆಳಿ ಕೈ ಕೊಡ್ತಿತ್ತು ನೋಡ್ರಿ ಯವ್ವಾ." ಅಕ್ಕನ ಮುಖ ಇಳಿಯಿತು. ನನ್ನ ನಗುವೂ ನಿಂತಿತು.

ನಾವೆಲ್ಲ ಮಾಡುವುದೂ ಇದೇ ಅಲ್ವಾ? ದೊಡ್ಡ ಸಾಹೇಬರು ಬೆಳೆ ನೋಡಲು ಬಂದರೆ, ಊರು ದೇವದುರ್ಗದಲ್ಲಿರಲಿ, ದೆಹಲಿ ಪಕ್ಕ ಇರಲಿ, ಜೀಪು ನಿಲ್ಲೋದು ರಸ್ತೆ ಬದಿಯ ಹಸಿರು ಹೊಲಕ್ಕೇ. ಫೋಟೊ, ಎಳನೀರು, ಭಾಷಣ. ಆಮೇಲೆ ಎರೆ, ಕೆಂಪು ಮಸಾರಿ, ಸವಳು ಎಲ್ಲಕ್ಕೂ ಒಂದೇ ಔಷಧ. ಸವಳು ಹೊಲ ಒಳಗಡೆ ಇರುತ್ತದೆ, ಅಲ್ಲಿಗೆ ದಾರಿ ಸರಿಯಿಲ್ಲ ನೋಡಿ!

ಮೊನ್ನೆ ಅಕ್ಕ ಮತ್ತೆ ಬಂದಳು. ಈ ಸಲ ಎರಡು ಚೀಲ. ಒಂದರಲ್ಲಿ ಹೊಲದ ನಾಲ್ಕೂ ಕಡೆ ಅಗೆದು ತಂದ ಬಿಳಿಚಿದ ಮಣ್ಣು. ಇನ್ನೊಂದು ಅದೇ ಬನ್ನಿ ಗಿಡದ್ದು.

"ಇದ್ಯಾಕ ಮತ್ತ?" ಎಂದರು ಮೇಡಂ.

"ಇದು ನಾನು ಲಗ್ನಾಗಿ ಬಂದಾಗಿನ ಹೊಲ ರೀ. ಅದು ನಾವು ಮಾಡಿಟ್ಟಿದ್ದು. ಎರಡೂ ನೋಡ್ರಿ."

ಮೇಡಂ ಎರಡನ್ನೂ ಪರೀಕ್ಷೆಗೆ ಇಟ್ಟುಕೊಂಡರು. ಸವಳು ಕಣ್ಣಿಗೇ ಕಾಣ್ತದ, ನೀರು ಬಸಿಯಲು ಕಾಲುವೆ ತೆಗೀರಿ, ಸೆಣಬು ಬೆಳೆಸಿ ಹಸಿರಿದ್ದಾಗಲೇ ಮಣ್ಣಿಗೆ ಸೇರಿಸ್ರಿ, ಈ ಹಿಂಗಾರಿಗೆ ಜೋಳ ಬೇಡ ಅಂದರು. ಅಕ್ಕ ಅಲ್ಲಿಂದಲೇ ಭಾವನಿಗೆ ಫೋನ್ ಹಚ್ಚಿದಳು: "ನನ್ನ ಚಾನ್ಸ್ ಇನ್ನಾ ಹೋಗಿಲ್ಲ. ಬರೋ ವರ್ಷಕ್ಕ ಅದ, ತಿಳೀತಾ?"

ದೇಶದ ಬೇಸಾಯ ಸುಧಾರಿಸಲು ಹೊರಟವರೇ, ನಿಮ್ಮ ಕೈಯಲ್ಲಿರೋದು ಯಾವ ಚೀಲ?