ಕಿವಿಯಲ್ಲಿ ಹೇಳಿದ ನುಡಿ

ದೊಡ್ಡವ್ವನ ಎಡಗಿವಿಯ ಹಾಲೆ ಹರಿದು ಎರಡು ಸೀಳಾಗಿತ್ತು. ಸಣ್ಣ ವಯಸ್ಸಿನಲ್ಲಿ ಭಾರದ ಬೆಂಡೋಲೆ ಹಾಕಿಕೊಂಡೇ ಹತ್ತಿ ಬಿಡಿಸಲು ಹೋದವಳು, ಅದು ಗಿಡಕ್ಕೆ ಸಿಕ್ಕಿದ್ದು ಗೊತ್ತಾಗದೆ ಸರಕ್ಕನೆ ಎದ್ದುಬಿಟ್ಟಿದ್ದಳಂತೆ. ಆಮೇಲೆ ಆ ಕಿವಿಗೆ ಏನನ್ನೂ ಹಾಕಲಿಲ್ಲ. ಬಲಗಿವಿಯಲ್ಲಿ ಮಾತ್ರ ಒಂಟಿ ಬೆಂಡೋಲೆ ತೂಗುತ್ತಿತ್ತು. ಹಾಡಲು ಕುಳಿತಳೆಂದರೆ ಮೊದಲು ಎಡ ಅಂಗೈಯಿಂದ ಆ ಹರಿದ ಕಿವಿಯನ್ನು ಮುಚ್ಚಿಕೊಳ್ಳುವಳು, ಕಣ್ಣು ಮುಚ್ಚುವಳು, ಆಮೇಲೆ ದನಿ ಎತ್ತುವಳು. ಯಾಕೆ ಹಾಗೆ ಎಂದು ಕೇಳಿದರೆ, "ಒಂದು ಕಿವಿ ಮಂದಿಗಿ, ಒಂದು ಕಿವಿ ನನಗ. ಎರಡೂ ಮಂದಿಗೇ ಕೊಟ್ರ ನಾ ಏನ ಹಾಡಾಕತ್ತೇನಿ ಅಂತ ನನಗ ಹ್ಯಾಂಗ ತಿಳೀಬೇಕು?" ಅನ್ನುತ್ತಿದ್ದಳು.

ಆಕೆ ನನಗೆ ರಕ್ತಸಂಬಂಧಿಯಲ್ಲ. ಶಹಾಪುರದ ನಮ್ಮ ಓಣಿಯಲ್ಲಿ ಗೋಡೆಗೆ ಗೋಡೆ ಹತ್ತಿದ ಮನೆಯವಳು. ಗಂಡ ಬೇಗ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಕಾಲುವೆ ನೀರು ಬಂದ ಮೇಲೆ ಭತ್ತದ ನಾಟಿಗೆ, ಅದಿಲ್ಲದಾಗ ಕಳೆ ತೆಗೆಯಲು ಕೂಲಿ ಹೋಗುತ್ತಿದ್ದಳು. ಆದರೆ ಮದುವೆಯ ಸುಗ್ಗಿ ಬಂತೆಂದರೆ ಆಕೆಯನ್ನು ಹಿಡಿಯುವವರೇ ಇರಲಿಲ್ಲ. ಸುರಪುರ, ಹುಣಸಗಿ, ಯಾದಗಿರಿ ಎಲ್ಲ ಕಡೆಯಿಂದ ಕರೆ ಬರುತ್ತಿತ್ತು. ಅರಿಶಿಣದ ಹಾಡು, ಸುರಗಿ ಸುತ್ತಿ ನೀರೆರೆಯುವ ಹಾಡು, ಬೀಗರನ್ನು ಛೇಡಿಸುವ ಹಾಡು, ಯಾವುದಕ್ಕೂ ಆಕೆಗೆ ಬರ ಇರಲಿಲ್ಲ. ಬೀಗರ ಹಾಡಿನಲ್ಲಿ ಆಕೆಯ ನಾಲಿಗೆಗೆ ಸಿಕ್ಕ ಗಂಡಿನ ಸೋದರಮಾವಂದಿರು ಊಟ ಬಿಟ್ಟು ಎದ್ದು ಹೋದದ್ದೂ ಉಂಟು. ಆದರೂ ಜನ ಆಕೆಯನ್ನು ಕರೆಯುತ್ತಿದ್ದದ್ದು ಕೊನೆಯ ಹಾಡಿಗೆ, ಹೆಣ್ಣು ಒಪ್ಪಿಸುವ ಹಾಡಿಗೆ.

ಹೊಸ್ತಿಲ ದಾಟುವಾಗ ಹಿಂದ ನೋಡಬ್ಯಾಡವ್ವ
ಕಣ್ಣೀರ ನೆಲಕ ಕೆಡವಬ್ಯಾಡ – ನನ ಮಗಳ
ಹೋದ ಮನಿ ದೀಪ ಬೆಳಗವ್ವ

ಹೀಗೆ ಶುರುವಾಗುತ್ತಿದ್ದ ಆ ಹಾಡು ಮುಗಿಯುವ ಹೊತ್ತಿಗೆ ಹಂದರದ ಕೆಳಗೆ ಅಳದವರು ಯಾರೂ ಉಳಿಯುತ್ತಿರಲಿಲ್ಲ. ಬಾಜಾದವರು ಕೂಡ ಮುಖ ತಿರುಗಿಸಿಕೊಂಡು ನಿಲ್ಲುತ್ತಿದ್ದರು.

ಆ ಹಾಡಿಗೆ ಒಂದು ರಿವಾಜು ಇತ್ತು. ಅದರ ಕೊನೆಯ ನುಡಿಯನ್ನು ಗಟ್ಟಿಯಾಗಿ ಹಾಡುವಂತಿರಲಿಲ್ಲ. ಅದು ಬಂದ ಕೂಡಲೇ ದೊಡ್ಡವ್ವ ದನಿ ನಿಲ್ಲಿಸುವಳು, ಹಿಂದೆ ಕುಳಿತ ಹೆಂಗಸರೆಲ್ಲ ಒಟ್ಟಿಗೆ "ಸೋ" ಎಂದು ಸೋಬಾನದ ದನಿ ಏರಿಸುವರು. ಆ ಗದ್ದಲದ ಒಳಗೆ ತಾಯಿಯಾದವಳು ಬಗ್ಗಿ ಮಗಳ ಕಿವಿಯಲ್ಲಿ ಆ ನುಡಿಯನ್ನು ಹೇಳಬೇಕು. ಗಂಡಿನ ಕಡೆಯವರಿಗೆ ಅದು ಕೇಳಬಾರದು. ತಾಯಿಗೆ ಬಾರದಿದ್ದರೆ, ಇಲ್ಲವೇ ತಾಯಿಯೇ ಇಲ್ಲದಿದ್ದರೆ ದೊಡ್ಡವ್ವ ಹೇಳುತ್ತಿದ್ದಳು. ಆ ನುಡಿಯನ್ನು ನಾನು ಇಲ್ಲಿ ಬರೆಯುವುದಿಲ್ಲ. ಅದರ ಅರ್ಥವನ್ನಷ್ಟೇ ಹೇಳಬಹುದು. ಅದಕ್ಕೆ ಮೊದಲಿನ ನುಡಿಗಳೆಲ್ಲ ಹಿಂದೆ ನೋಡಬೇಡ, ತಾಳಿಕೋ, ಬಾಗು ಎಂದು ಬುದ್ಧಿ ಹೇಳಿದರೆ, ಈ ಒಂದು ನುಡಿ ಬೇರೆ ಮಾತು ಹೇಳುತ್ತದೆ: ಹೋದವಳು ಹೋದಳೆಂದು ನಾನು ಬಾಗಿಲಿಗೆ ಅಗಳಿ ಹಾಕುವುದಿಲ್ಲ, ಹಾಲಿಗೆ ಹೆಪ್ಪು ಹಾಕುವಾಗ ನಿನ್ನ ಪಾಲನ್ನೂ ಇಡುತ್ತೇನೆ, ತಾಳಲಾಗದಿದ್ದರೆ ಬಂದುಬಿಡು.

ನನ್ನ ತಾಯಿ ನಾನು ಶಾಲೆಗೆ ಹೋಗುತ್ತಿದ್ದಾಗಲೇ ತೀರಿಕೊಂಡಿದ್ದಳು. ನನ್ನ ಮದುವೆಯಲ್ಲಿ ಆ ನುಡಿಯನ್ನು ನನ್ನ ಕಿವಿಯಲ್ಲಿ ಹೇಳಿದವಳು ದೊಡ್ಡವ್ವ. ಆಕೆಯ ಬಾಯಿಯ ಎಲೆ ಅಡಿಕೆಯ ವಾಸನೆ ಈಗಲೂ ನೆನಪಿದೆ. ನನ್ನನ್ನು ಕೊಟ್ಟದ್ದು ಗುರುಮಠಕಲ್ ಕಡೆಗೆ. ಅಲ್ಲಿ ಮನೆಯವರೆಲ್ಲ ತೆಲುಗಿನಲ್ಲಿ ಮಾತಾಡುತ್ತಿದ್ದರು, ಗಂಡ ಮಾತಿಗಿಂತ ಮೊದಲು ಕೈ ಎತ್ತುತ್ತಿದ್ದ. ತಾಳಿಕೊಂಡೆ. ಒಂದು ಮಧ್ಯಾಹ್ನ ಅಂಗಳದಲ್ಲಿ ಪಾತ್ರೆ ತಿಕ್ಕುತ್ತಿದ್ದಾಗ ಇದ್ದಕ್ಕಿದ್ದಂತೆ ಆ ನುಡಿ ಕಿವಿಯಲ್ಲಿ ಕೇಳಿಸಿತು. ಕೈ ತೊಳೆದು ಎದ್ದವಳು ಬಸ್ಸು ಹತ್ತಿದೆ.

ಅಪ್ಪ ನನ್ನನ್ನು ಬಾಗಿಲಲ್ಲೇ ನಿಲ್ಲಿಸಿದ. "ನಾಲ್ಕು ಮಂದಿ ಏನಂದಾರು? ನಾಳಿ ನಾನ ಬಿಟ್ಟು ಬರ್ತೀನಿ ನಡಿ" ಎಂದ. ನಾನು ಅಲ್ಲೇ ನಿಂತಿದ್ದೆ. ಗೋಡೆಯ ಆಚೆಯಿಂದ ದೊಡ್ಡವ್ವ ಬಂದು ನನ್ನ ರಟ್ಟೆ ಹಿಡಿದು ತನ್ನ ಮನೆಗೆ ಎಳೆದುಕೊಂಡು ಹೋದಳು. ಏನಾಯಿತು ಎಂದು ಒಂದು ಮಾತೂ ಕೇಳಲಿಲ್ಲ. ರೊಟ್ಟಿ, ಶೇಂಗಾ ಹಿಂಡಿ, ಬಟ್ಟಲಲ್ಲಿ ಗಟ್ಟಿ ಮೊಸರು ಮುಂದಿಟ್ಟಳು. "ಉಣ್ಣು. ನಿನ್ನ ಪಾಲಿಂದ ಐತಿ" ಎಂದಳು. ಆಮೇಲೆ ಹೊಸ್ತಿಲಿಗೆ ಹೋಗಿ ಅಪ್ಪನಿಗೆ ಕೇಳುವಂತೆ, "ಮಾವಾ, ಹುಡುಗಿ ನನ್ನ ಮನ್ಯಾಗ ಇರ್ತಾಳ. ನಾನು ಮಾತು ಕೊಟ್ಟೀನಿ. ನಿನಗ ಬೇಕಂದಾಗ ಕರಕೊಂಡು ಹೋಗು, ಆದ್ರ ಆ ಊರಿಗಿ ಅಲ್ಲ" ಎಂದು ಕೂಗಿ ಹೇಳಿದಳು. ಅಪ್ಪ ನನ್ನನ್ನು ತನ್ನ ಮನೆಗೆ ಕರೆದುಕೊಂಡು ಹೋಗುವುದಕ್ಕೆ ಬಹಳ ದಿನ ಹಿಡಿಯಿತು. ಅಷ್ಟರಲ್ಲಿ ನಾನು ಬಿಟ್ಟ ಓದನ್ನು ಮತ್ತೆ ಹಿಡಿದಿದ್ದೆ. ಈಗ ಭೀಮರಾಯನಗುಡಿಯ ಒಂದು ಕಚೇರಿಯಲ್ಲಿ ಗುಮಾಸ್ತೆ. ನಾನು ಉಣ್ಣುವ ಅನ್ನದಲ್ಲಿ ಆಕೆಯ ಋಣವಿದೆ.

ಇದೆಲ್ಲ ಆದ ಮೇಲೆ ಬಂದದ್ದು ಆಕೆಯ ಹೆಸರಿನ ಕಾಲ. ಸುರಪುರದ ಒಂದು ಮದುವೆಯಲ್ಲಿ ಮೊಬೈಲ್ ಅಂಗಡಿಯವನೊಬ್ಬ ಆ ಹಾಡನ್ನು ಹಿಡಿದು ಹೊರಗೆ ಬಿಟ್ಟ. ನೋಡನೋಡುತ್ತಲೇ ಅದು ಊರೂರು ತಿರುಗಿತು. ಟಂಟಂ ಗಾಡಿಗಳಲ್ಲಿ ಅದೇ, ಬಸ್ಸಿನಲ್ಲಿ ಅದೇ, ಮಂದಿಯ ಜೇಬಿನಲ್ಲಿ ಮೊಬೈಲ್ ರಿಂಗಾದರೂ ಅದೇ. ಬೆಳಿಗ್ಗೆ ಕಸದ ಗಾಡಿ ಓಣಿಗೆ ಬರುವುದೂ ಅದೇ ಹಾಡು ಹಾಕಿಕೊಂಡು. ನಮ್ಮ ಕಚೇರಿಯ ಸಾಹೇಬರು ನನ್ನನ್ನು ಕರೆದು, "ನಿಮ್ಮ ಮನಿ ಬಾಜೂಕ ಇರ್ತಾರಂತಲ್ರಿ?" ಎಂದು ಕೇಳಿ ಕುರ್ಚಿ ತೋರಿಸಿದರು.

ದೊಡ್ಡವ್ವನಿಗೆ ಅದು ಸೇರಿತು. ಸುಳ್ಳು ಯಾಕೆ ಹೇಳಲಿ? ಝಗಝಗ ಸೀರೆ ತಂದಳು. ಸಂತೆಯಲ್ಲಿ ಯಾರಾದರೂ ಗುರುತು ಹಿಡಿಯಲಿ ಎಂದು ತರಕಾರಿ ಕೊಳ್ಳುವಾಗ ಸುಮ್ಮನೆ ಒಂದು ಸಾಲು ಗುನುಗುವಳು. ಫೋಟೊ ತೆಗೆಯುವವರು ಬಂದರೆ ಬಲಗಿವಿಯ ಕಡೆ ನಿಲ್ಲಿರಿ ಎನ್ನುವಳು. ನಾನು, "ದೊಡ್ಡವ್ವ, ನಿನಗ ಸೊಕ್ಕು ಬಂದೈತಿ" ಎಂದರೆ, "ಬರ್ಲಿ ಬಿಡ. ಇಷ್ಟು ವರ್ಷ ಬರೇ ಬೆನ್ನುನೋವು ಬಂದಿತ್ತು" ಎಂದು ನಗುವಳು.

ಆ ಹಾಡು ಸಾವಿರ ಬಾಯಿಗೆ ಸಿಕ್ಕ ಮೇಲೆ ಅದಕ್ಕೆ ಕುಣಿತದ ಪೆಟ್ಟು ಸೇರಿಸಿ ಡಿಜೆಯವರು ಹಾಕತೊಡಗಿದರು. ಅವರು ತಿರುಗಿ ತಿರುಗಿ ಬಾರಿಸುತ್ತಿದ್ದದ್ದು ಹೆಂಗಸರು "ಸೋ" ಎಂದು ದನಿ ಏರಿಸುವ ಜಾಗವನ್ನೇ. ಅದೇ ಎಲ್ಲಕ್ಕಿಂತ ಜೋರಾಗಿತ್ತಲ್ಲ. ಹುಡುಗರು ಅಂಗಿ ಬಿಚ್ಚಿ ಕುಣಿಯುತ್ತಿದ್ದರು. ಆ ದನಿ ಯಾತಕ್ಕೆ ಏರಿತ್ತು, ಅದರ ಅಡಿಯಲ್ಲಿ ಒಬ್ಬ ತಾಯಿ ಏನು ಹೇಳಿದ್ದಳು ಎಂಬುದು ಅವರಿಗೆ ಬೇಕಾಗಿರಲಿಲ್ಲ.

ಅತಿಯಾದರೆ ಅಮೃತವೂ ವಿಷ ಅನ್ನುತ್ತಾರಲ್ಲ, ಹಾಗೇ ಆಯಿತು. ಮದುವೆಗಳಲ್ಲಿ ದೊಡ್ಡವ್ವ ಬಾಯಿ ತೆರೆಯುವ ಮೊದಲೇ ಮಕ್ಕಳು ಹಾಡನ್ನು ಮುಗಿಸಿಬಿಡುತ್ತಿದ್ದವು. ಯಾರೂ ಅಳುತ್ತಿರಲಿಲ್ಲ. ಫೋಟೊದವನೇ ಮದುಮಗಳಿಗೆ, "ಅಕ್ಕಾರ, ಸ್ವಲ್ಪ ಅಳ್ರಿ, ಹಾಡು ಮುಗ್ಯಾಕ ಬಂತು" ಎಂದು ಹೇಳಬೇಕಾಗುತ್ತಿತ್ತು. ಆಮೇಲಾಮೇಲೆ ಕರೆಯುವುದೂ ಕಡಿಮೆಯಾಯಿತು. ಪೆನ್‌ಡ್ರೈವ್ ಇರುವಾಗ ಮುದುಕಿ ಯಾಕೆ? ಹುಣಸಗಿಯ ಒಂದು ದೊಡ್ಡ ಮದುವೆಗೆ ಕಾರು ಕಳಿಸಿ ಕರೆಸಿದರು, ಶಾಲು ಹೊದಿಸಿ ವೇದಿಕೆಯ ಮೇಲೆ ಕೂರಿಸಿದರು. ಹಾಡನ್ನು ಮಾತ್ರ ಸ್ಪೀಕರಿನಲ್ಲೇ ಹಾಕಿದರು. ತಿರುಗಿ ಬಂದವಳು ನಮ್ಮ ಕಟ್ಟೆಯ ಮೇಲೆ ಕುಳಿತು, "ನನ್ನ ದನಿ ಅಲ್ಲಿ ಹಾಡಾಕತ್ತಿತ್ತು, ನಾ ಇಲ್ಲಿ ಬುಂದಿ ತಿನ್ನಾಕತ್ತಿದ್ದೆ. ನಾ ಸತ್ತೀನೇನೋ ಅನಿಸ್ತು ನೋಡ" ಎಂದಳು. ಆ ಹೊತ್ತು ಆಕೆ ನಗಲಿಲ್ಲ.

ಇನ್ನೊಮ್ಮೆ ಸುರಪುರದಿಂದ ಇಬ್ಬರೂ ಬಸ್ಸಿನಲ್ಲಿ ಬರುತ್ತಿದ್ದೆವು. ಡ್ರೈವರ್ ಆ ಹಾಡು ಹಾಕಿದ. ಮುಂದಿನ ಸೀಟಿನ ಹೆಂಗಸು ಹಣೆ ಚಚ್ಚಿಕೊಂಡು, "ತಗೀರಪಾ ಅದನ್ನ! ಕೇಳಿ ಕೇಳಿ ತಲಿ ಕೆಟ್ಟು ಹೋಗೈತಿ. ಈಕಿಗಿ ಬ್ಯಾರೆ ಹಾಡ ಬರಂಗಿಲ್ಲೇನು?" ಎಂದಳು. ನಾನು ಎದ್ದು ಜಗಳಕ್ಕೆ ನಿಲ್ಲುವವಳಿದ್ದೆ. ದೊಡ್ಡವ್ವ ನನ್ನ ಸೆರಗು ಹಿಡಿದು ಕೂರಿಸಿದಳು. ತಾನೇ ಡ್ರೈವರಿಗೆ, "ತಗಿಯಪಾ ತಮ್ಮಾ. ಆಕಿ ಖರೇನ ಹೇಳ್ಯಾಳ" ಎಂದಳು. ಶಹಾಪುರದ ಗುಡ್ಡ ಕಾಣುವವರೆಗೂ ಕಿಟಕಿಯ ಹೊರಗೇ ನೋಡುತ್ತಿದ್ದಳು.

ಅದಾದ ಕೆಲವು ದಿನಗಳಿಗೆ ಯಾದಗಿರಿಯಿಂದ ಹಾಡಿನ ಚಾನೆಲ್ ನಡೆಸುವವನೊಬ್ಬ ಬಂದ. "ಅವ್ವಾರ, ಮಂದಿ ನಿಮ್ಮನ್ನ ಮರ್ಯಾಕತ್ಯಾರ. ಹೊಸಾದು ಏನರ ಕೊಡ್ರಿ" ಎಂದ. ಆಮೇಲೆ ದನಿ ತಗ್ಗಿಸಿ, "ಆ ಹಾಡಿಗಿ ಇನ್ನೊಂದು ನುಡಿ ಐತಂತಲ್ರಿ, ಕಿವ್ಯಾಗ ಹೇಳೂದು? ಅದನ್ನ ಹಾಡ್ರಿ. ಮತ್ತ ಊರೆಲ್ಲ ನಿಮ್ಮದ ಮಾತು" ಎಂದ. ನಾನು ಆಕೆಯ ಮುಖ ನೋಡಿದೆ. ಆಕೆ ಒಲ್ಲೆ ಎನ್ನುವಳು ಎಂದುಕೊಂಡಿದ್ದೆ. "ಯಾವತ್ತು ಬರಬೇಕ್ರಿ?" ಎಂದು ಕೇಳಿದಳು.

ಆ ವಾರವೆಲ್ಲ ನನಗೆ ಆಕೆಯ ಮೇಲೆ ಸಿಟ್ಟಿತ್ತು. ಆದರೂ ರಜೆ ಹಾಕಿ ಜೊತೆಗೆ ಯಾದಗಿರಿಗೆ ಹೋದೆ. ಗಾಜಿನ ಕೋಣೆಯೊಳಗೆ ಝಗಝಗ ಸೀರೆ ಉಟ್ಟು ಮೈಕಿನ ಮುಂದೆ ಕುಳಿತಳು. ಎಡ ಅಂಗೈಯಿಂದ ಕಿವಿ ಮುಚ್ಚಿದಳು, ಕಣ್ಣು ಮುಚ್ಚಿದಳು. ಹಾಡಿದಳು ನೋಡಿ! ಆ ದಿನದಷ್ಟು ಚೆನ್ನಾಗಿ ನಾನು ಎಂದೂ ಕೇಳಿಲ್ಲ. ಹೊಸ್ತಿಲು ದಾಟಿತು, ದೀಪ ಬೆಳಗಿತು, ಕೊನೆಯ ನುಡಿಯ ಹತ್ತಿರ ಬಂತು. ಉಸಿರು ಎಳೆದುಕೊಂಡಳು. ಅಲ್ಲಿ "ಸೋ" ಎಂದು ದನಿ ಏರಿಸಲು ಯಾರೂ ಇರಲಿಲ್ಲ. ಕೋಣೆ ಬಿಕೋ ಎನ್ನುತ್ತಿತ್ತು. ಕಣ್ಣು ತೆರೆದು ಗಾಜಿನಾಚೆ ನನ್ನನ್ನು ಹುಡುಕಿ ನೋಡಿದಳು. ಆಮೇಲೆ ಕಿವಿಯ ಮೇಲಿನ ಕೈಯನ್ನು ಇಳಿಸಿದಳು.

"ಇಲ್ಲಪಾ. ಇದು ಬರಂಗಿಲ್ಲ" ಎಂದಳು.

"ಇನ್ನೊಮ್ಮೆ ನೋಡ್ರಿ ಅವ್ವಾರ, ನೀರು ಕುಡೀರಿ" ಎಂದ ಚಾನೆಲಿನವನು.

"ನೀರಿಂದಲ್ಲ ತಮ್ಮಾ. ಇದನ್ನ ಅತ್ತಿಮನ್ಯಾರೆಲ್ಲ ಬಾಯಿಪಾಠ ಮಾಡಿದ್ರ, ನಾಳಿ ಅಳಕೋಂತ ಕುಂತ ಹುಡುಗಿ ಕಿವ್ಯಾಗ ನಾ ಏನ ಹೇಳ್ಲಿ? ಕಸದ ಗಾಡ್ಯಾಗ ದಿನಾ ಕೇಳಿದ್ದನ್ನ ಆಕಿ ನಂಬ್ತಾಳೇನು?"

ಹೊರಗೆ ಬಂದ ಮೇಲೆ ನನ್ನ ತೋಳು ಹಿಡಿದುಕೊಂಡಳು. "ಭಾಳ ಆಸೆ ಇತ್ತು ಯವ್ವಾ" ಎಂದಳು. ನನ್ನ ಸಿಟ್ಟೆಲ್ಲ ಇಳಿಯಿತು. ಬಸ್‌ಸ್ಟ್ಯಾಂಡಿನಲ್ಲಿ ಮಿರ್ಚಿ ತಿಂದು, ಚಹಾ ಕುಡಿದು ಊರಿಗೆ ಬಂದೆವು.

ಮತ್ತೆ ಯಾರೂ ಆಕೆಯನ್ನು ಕರೆಯಲು ಬರಲಿಲ್ಲ. ಮಂದಿಗೆ ಬೇರೆ ಹಾಡು, ಬೇರೆ ಹಾಡುಗಾರ್ತಿಯರು ಸಿಕ್ಕರು. ಆದರೆ ಒಂದು ಹೊಸ ಪದ್ಧತಿ ಶುರುವಾಯಿತು. ಮದುವೆಯ ಹಿಂದಿನ ದಿನ ತಾಯಂದಿರು ಮದುಮಗಳನ್ನು ಸುಮ್ಮನೆ ಆಕೆಯ ಮನೆಗೆ ಕರೆತರತೊಡಗಿದರು. ದೊಡ್ಡವ್ವ ನನ್ನನ್ನು ಕೂಗುವಳು, "ನಿನ್ನ ಮೊಬೈಲ್ ತಗೊಂಡ ಬಾ!" ನಾನು ಆಕೆಯದೇ ಆ ಹಳೆಯ ಹಾಡು ಹಾಕಬೇಕು, ದನಿ ಪೂರಾ ಏರಿಸಬೇಕು. ಹೆಂಗಸರ "ಸೋ" ಏಳುತ್ತಿದ್ದಂತೆ ಆಕೆ ಬಗ್ಗಿ ಹುಡುಗಿಯ ಕಿವಿಯಲ್ಲಿ ಆ ನುಡಿ ಹೇಳುವಳು. ಹುಡುಗಿಯರು ಅಳುತ್ತಿದ್ದರು. ಅವರು ಹೋದ ಮೇಲೆ ಮೊಬೈಲನ್ನು ನನ್ನ ಕೈಗೆ ಕೊಡುತ್ತಾ, "ಕಡೀಗೂ ಈ ಹಾಡು ಒಂದು ಕೆಲಸಕ್ಕ ಬಂತು ನೋಡ" ಎಂದು ಎಲೆ ಮಡಿಸಿ ಬಾಯಿಗೆ ಹಾಕಿಕೊಳ್ಳುವಳು. ನನಗೂ ಆ ನುಡಿಯನ್ನು ರಾಗದೊಂದಿಗೆ ಕಲಿಸಿದಳು. ನನ್ನ ದನಿ ಕೇಳಿ, "ಕಿವ್ಯಾಗ ಹೇಳೂದೈತಿ, ಚಿಂತಿಲ್ಲ. ಗಟ್ಟಿಯಾಗಿ ಹಾಡೂದಿದ್ರ ಎಮ್ಮಿ ಹಾಲು ಬಿಡಂಗಿದ್ದಿಲ್ಲ" ಎಂದಳು.

ಹೋದ ಬೇಸಿಗೆಯಲ್ಲಿ ದೊಡ್ಡವ್ವ ತೀರಿಕೊಂಡಳು. ಎದೆಯಲ್ಲಿ ನೋವು ಎಂದವಳು ಆಸ್ಪತ್ರೆ ಮುಟ್ಟಲಿಲ್ಲ. ಸುದ್ದಿ ತಿಳಿದು ಓಣಿ ತುಂಬಿತು. ಮರೆತ ಮಂದಿಗೆಲ್ಲ ಆಕೆ ನೆನಪಾಗಿದ್ದಳು. ಝಗಝಗ ಸೀರೆ ಉಡಿಸಿ, ಹೂವಿನ ಹಾರ ಹಾಕಿ, ಕಟ್ಟೆಗೆ ಆನಿಸಿ ಕೂರಿಸಿದ್ದರು. ಓಣಿಯ ಹುಡುಗರು ಗೌರವಕ್ಕೆಂದು ಡಿಜೆಯ ಟೆಂಪೊ ತಂದು ನಿಲ್ಲಿಸಿ ಆಕೆಯ ಹಾಡನ್ನೇ ಹಾಕಿದರು. ಹಿರಿಯರು, "ಏ, ಬಂದ್ ಮಾಡ್ರಲೇ, ಭಜನಿ ಮಾಡೂಣು" ಎಂದು ಬೈಯುತ್ತಿದ್ದರು. ನಾನು, "ಇರ್ಲಿ ಬಿಡ್ರಿ ಕಾಕಾ, ಒಂದೇ ಒಂದು ಸಲ" ಎಂದೆ.

ನಾನು ಆಕೆಯ ಮಗ್ಗುಲಲ್ಲಿ ಕುಳಿತು ಕಾದೆ. ಹೊಸ್ತಿಲು ದಾಟಿತು, ದೀಪ ಬೆಳಗಿತು. ಟೆಂಪೊದ ಸ್ಪೀಕರುಗಳಿಂದ ಹೆಂಗಸರ ದನಿ ಒಟ್ಟಿಗೆ ಎದ್ದಿತು. ಕಿಟಕಿಗಳು ಅದುರುತ್ತಿದ್ದವು, ನೆರೆದವರು ಕಿವಿ ಮುಚ್ಚಿಕೊಂಡರು. ನಾನು ಬಗ್ಗಿ, ಆಕೆಯ ಹರಿದ ಎಡಗಿವಿಗೆ ಬಾಯಿ ಹಚ್ಚಿ ಆ ನುಡಿಯನ್ನು ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಯಾರಿಗೂ ಕೇಳಲಿಲ್ಲ.